ಮನೆಯಲ್ಲೇ ಸೋಪು ಮಾಡಬೇಕು ಅಂತಿದ್ದೇನೆ, ಅನುಭವ ಇರುವವರು ಹೇಳಿ

ಹಾಸನದಿಂದ, ಕೇಳುತ್ತಿರುವವರು

ನಮ್ಮ ಅತ್ತೆಮನೆ ಅರಸೀಕೆರೆ ಹತ್ತಿರ. ತೆಂಗಿನ ತೋಟ ಇದೆ. ವರ್ಷಕ್ಕೆ ಎರಡು ಸಲ ಗಾಣಕ್ಕೆ ಕೊಬ್ಬರಿ ಹಾಕಿಸುತ್ತೇವೆ. ಮನೆ ಖರ್ಚಿಗೆ ಆಗಿ ಮಿಕ್ಕ ಎಣ್ಣೆಯಲ್ಲಿ ಸೋಪು ಮಾಡೋಣ ಅಂತ ಆಸೆ. ಚೆನ್ನಾಗಿ ಬಂದರೆ ಆಮೇಲೆ ಮಾರಬಹುದು. ಹೋದ ತಿಂಗಳು ಒಂದು ವಿಡಿಯೋ ನೋಡಿ ಮಾಡಿದೆ. ಬರೀ ಕೊಬ್ಬರಿ ಎಣ್ಣೆ, ಚಮಚದ ಲೆಕ್ಕದಲ್ಲಿ ಕಾಸ್ಟಿಕ್ ಸೋಡಾ. ಎರಡು ದಿನ ಬಿಟ್ಟು ಕತ್ತರಿಸಲು ಹೋದರೆ ಒಣಗಿದ ಮೈಸೂರು ಪಾಕಿನ ಹಾಗೆ ಪುಡಿ ಪುಡಿ ಆಯಿತು. ಅದನ್ನು ಮೈಗೆ ಹಚ್ಚಲು ಧೈರ್ಯ ಬರಲಿಲ್ಲ. ಮನೆಯಲ್ಲಿ ಐದು ವರ್ಷದ ಮಗ ಇದ್ದಾನೆ, ಕಾಸ್ಟಿಕ್ ಅಂದರೆ ಭಯ. ಅದಿಲ್ಲದೆ ಸೋಪು ಮಾಡಲು ಆಗಲ್ವಾ? ನಾನು ಎಲ್ಲಿ ತಪ್ಪಿದೆ? ಮಾರಲು ಏನೇನು ಬೇಕು?

ಕಡೂರಿನಿಂದ

ಬೇರೆಯವರು ವಿವರವಾಗಿ ಬರೆಯುತ್ತಾರೆ. ನಾನು ಒಂದೇ ವಿಷಯ ಹೇಳುತ್ತೇನೆ. ಕೈಗೆ ಉದ್ದ ಗ್ಲೌಸ್, ಕಣ್ಣಿಗೆ ಕನ್ನಡಕ. ನಾನು ಗಿಡ್ಡ ಗ್ಲೌಸ್ ಹಾಕಿಕೊಂಡಿದ್ದೆ. ಒಂದು ಹನಿ ಮಣಿಕಟ್ಟಿನಿಂದ ಒಳಗೆ ಜಾರಿತು. ಮೊದಲು ನವೆ ಆಯಿತು, ಸೊಳ್ಳೆ ಅಂದುಕೊಂಡೆ. ಎರಡು ನಿಮಿಷಕ್ಕೆ ಉರಿ ಹತ್ತಿತು. ಗ್ಲೌಸ್ ತೆಗೆದು ನೋಡಿದರೆ ಚರ್ಮ ಸೋಪಿನ ಹಾಗೆ ಜಾರುತ್ತಿತ್ತು. ಹಾಗೆ ಆದರೆ ವಿನೆಗರ್, ನಿಂಬೆಹಣ್ಣು ಏನೂ ಹಚ್ಚಬೇಡಿ. ನಲ್ಲಿ ಬಿಟ್ಟು ಹದಿನೈದು ಇಪ್ಪತ್ತು ನಿಮಿಷ ಕೈ ಹಿಡಿಯಿರಿ. ಕಣ್ಣಿಗೆ ಬಿದ್ದರೆ ನೀರು ಹಾಕಿ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಮೂಡಿಗೆರೆ ಕಡೆಯಿಂದ, ಏಳು ವರ್ಷದಿಂದ ಮಾಡುತ್ತಿದ್ದೇನೆ

ನಿಮ್ಮ ಸೋಪು ಪುಡಿಯಾಗಲು ಎರಡು ಕಾರಣ ಇರಬಹುದು ಅನಿಸುತ್ತದೆ. ಅದಕ್ಕೆ ಮೊದಲು ಕಾಸ್ಟಿಕ್ ಮಾತು.

ಕಾಸ್ಟಿಕ್ ಇಲ್ಲದೆ ಗಟ್ಟಿ ಸೋಪು ಇಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೇರಿ ಎರಡೂ ಮಾಯವಾಗಿ ಸೋಪು, ಗ್ಲಿಸರಿನ್ ಆಗುತ್ತವೆ. ಲೆಕ್ಕ ಸರಿ ಇದ್ದರೆ ಕೊನೆಗೆ ಸೋಪಿನಲ್ಲಿ ಕಾಸ್ಟಿಕ್ ಉಳಿಯುವುದೇ ಇಲ್ಲ. ಅಂಗಡಿಯಲ್ಲಿ ಸಿಗುವ ಸೋಪ್ ಬೇಸ್ ಕರಗಿಸಿ ಅಚ್ಚಿಗೆ ಹುಯ್ಯುವುದೂ ಒಂದು ದಾರಿ. ಮಗ ಚಿಕ್ಕವನು ಅಂತ ತುಂಬಾ ಭಯ ಇದ್ದರೆ ಅದರಿಂದ ಶುರು ಮಾಡಿ, ತಪ್ಪೇನಿಲ್ಲ. ಆದರೆ ಅಲ್ಲಿ ಕಾಸ್ಟಿಕ್ ಕೆಲಸವನ್ನು ಕಾರ್ಖಾನೆಯವರು ಮೊದಲೇ ಮಾಡಿರುತ್ತಾರೆ ಅಷ್ಟೇ. ನಿಮ್ಮ ತೋಟದ ಎಣ್ಣೆಗೆ ಅದರಲ್ಲಿ ಕೆಲಸ ಇಲ್ಲ.

ಈಗ ತೂಕ. ಚಮಚ, ಲೋಟದ ಲೆಕ್ಕ ಇವತ್ತೇ ಬಿಡಿ. ಒಂದು ಗ್ರಾಂವರೆಗೂ ತೋರಿಸುವ ತೂಕದ ಮೆಷಿನ್ ತನ್ನಿ. ಎಣ್ಣೆ, ಕಾಸ್ಟಿಕ್, ನೀರು ಮೂರನ್ನೂ ತೂಕದಲ್ಲೇ ಅಳೆಯಿರಿ. ಪ್ರತಿ ಎಣ್ಣೆಗೂ ಬೇರೆ ಬೇರೆ ಕಾಸ್ಟಿಕ್ ಬೇಕು. 1 ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ, ಹರಳೆಣ್ಣೆಗೆ 0.128, ತೌಡಿನ ಎಣ್ಣೆಗೆ ಸುಮಾರು 0.133. ಹೀಗೆ ಲೆಕ್ಕ ಹಾಕಿ ಬಂದದ್ದರಲ್ಲಿ ಸ್ವಲ್ಪ ಕಡಿಮೆ ಹಾಕುತ್ತೇವೆ. ಆಗ ಸೋಪಿನಲ್ಲಿ ಒಂದಿಷ್ಟು ಎಣ್ಣೆ ಹಾಗೇ ಉಳಿದು ಮೈ ಒಣಗುವುದಿಲ್ಲ. ಸಾಮಾನ್ಯವಾಗಿ ನೂರಕ್ಕೆ 5 ಕಡಿಮೆ ಮಾಡುತ್ತಾರೆ. ಬರೀ ಕೊಬ್ಬರಿ ಎಣ್ಣೆಯ ಸೋಪು ಕೊಳೆ ಚೆನ್ನಾಗಿ ತೆಗೆಯುತ್ತದೆ, ಆದರೆ ಮೈಯನ್ನು ಬಿರುಸು ಮಾಡುತ್ತದೆ. ಅದಕ್ಕೆ ಅಲ್ಲಿ ನೂರಕ್ಕೆ 20 ಕಡಿಮೆ. ಅಂದರೆ 1 ಕಿಲೋಗೆ 183 ಬರುವ ಕಡೆ 146 ಗ್ರಾಂ. ನೀರು ಕಾಸ್ಟಿಕ್‌ನ ಎರಡರಷ್ಟು.

ನಾನು ಈಗ ಹೆಚ್ಚಾಗಿ ಮಾಡುವುದು ಇದು: ಕೊಬ್ಬರಿ ಎಣ್ಣೆ 500 ಗ್ರಾಂ, ತೌಡಿನ ಎಣ್ಣೆ 400, ಹರಳೆಣ್ಣೆ 100, ಕಾಸ್ಟಿಕ್ 145, ನೀರು 290. ಇಲ್ಲಿ ನೂರಕ್ಕೆ 8ರಷ್ಟು ಕಡಿಮೆ ಮಾಡಿದ್ದೇನೆ. ಹರಳೆಣ್ಣೆ ನೊರೆ ನಿಲ್ಲಿಸುತ್ತದೆ. ಆರಿದ ಮೇಲೆ 100 ಗ್ರಾಂನ ಹನ್ನೆರಡು ಸೋಪು ಬರುತ್ತವೆ. ಈ ಲೆಕ್ಕ ಈ ಎಣ್ಣೆಗಳಿಗೆ ಮಾತ್ರ. ತೌಡಿನ ಎಣ್ಣೆ ಸಿಗಲಿಲ್ಲ ಅಂತ ಇನ್ಯಾವುದೋ ಹಾಕುವುದಾದರೆ ಮತ್ತೆ ಲೆಕ್ಕ ಹಾಕಲೇಬೇಕು.

ಮಾಡುವ ದಿನ ಮಗನನ್ನು ಶಾಲೆಗೆ ಕಳಿಸಿ. ಹಿತ್ತಲಲ್ಲಿ ಗಾಳಿ ಆಡುವ ಕಡೆ ಕೂತುಕೊಳ್ಳಿ. ಸ್ಟೀಲ್ ಪಾತ್ರೆಯಲ್ಲಿ ತಣ್ಣೀರು ಮೊದಲು, ಅದಕ್ಕೆ ಕಾಸ್ಟಿಕ್ ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಕಾಸ್ಟಿಕ್ ಮೇಲೆ ನೀರು ಹುಯ್ಯಲೇಬೇಡಿ, ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಕಾಸ್ಟಿಕ್ ಅದನ್ನು ತಿಂದು ಬೆಂಕಿ ಹತ್ತಿಕೊಳ್ಳುವ ಗಾಳಿ ಬಿಡುತ್ತದೆ. ಒಲೆ ಇಲ್ಲದೆಯೇ ಆ ನೀರು ಕೈ ಇಡಲಾಗದಷ್ಟು ಕಾಯುತ್ತದೆ. ಮೊದಲು ಹಾಲಿನಂತೆ ಕದಡಿ ಆಮೇಲೆ ತಿಳಿಯಾಗುತ್ತದೆ. ಮೇಲೆ ಬರುವ ಹಬೆ ಗಂಟಲು ಹಿಡಿಯುತ್ತದೆ, ಬಗ್ಗಿ ನೋಡಬೇಡಿ.

ಅದು ಆರಿ ಉಗುರುಬೆಚ್ಚಗೆ ಆದ ಮೇಲೆ ಎಣ್ಣೆಗೆ ಹಾಕಿ ಹ್ಯಾಂಡ್ ಬ್ಲೆಂಡರ್‌ನಲ್ಲಿ ಕಲಸಿ. ಬಜ್ಜಿ ಹಿಟ್ಟಿನ ಹದಕ್ಕೆ ಬರಬೇಕು. ಸೌಟಿನಿಂದ ಮೇಲೆ ಗೆರೆ ಎಳೆದರೆ ಆ ಗೆರೆ ಕ್ಷಣ ಹೊತ್ತು ನಿಲ್ಲಬೇಕು. ಆಗ ಅಚ್ಚಿಗೆ ಹುಯ್ಯಿರಿ. ನಾನು ಮೊದಲ ಎರಡು ವರ್ಷ ಹಾಲಿನ ಕಾಗದದ ಡಬ್ಬಗಳನ್ನೇ ಅಚ್ಚು ಮಾಡಿಕೊಂಡಿದ್ದೆ. ಒಂದು ಎಚ್ಚರ ಇದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ ತಣ್ಣಗಿನ ಎಣ್ಣೆಯಲ್ಲಿ ಮಾಡಿದರೆ ಬೇಗ ಗಟ್ಟಿಯಾದ ಹಾಗೆ ಕಾಣುತ್ತದೆ. ಅದು ಹದವಲ್ಲ, ಎಣ್ಣೆ ಹೆಪ್ಪಾಗಿದ್ದು. ಮರುದಿನ ನೋಡಿದರೆ ಎಣ್ಣೆ ಬೇರೆ, ನೀರು ಬೇರೆ. ಎಣ್ಣೆ ಬೆಚ್ಚಗೆ ಮಾಡಿಕೊಂಡೇ ಶುರು ಮಾಡಿ.

ಈಗ ನಿಮ್ಮ ಪುಡಿ. ಬರೀ ಕೊಬ್ಬರಿ ಎಣ್ಣೆಯ ಸೋಪು ಅದೇ ದಿನ ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀವು ಎರಡು ದಿನ ಬಿಟ್ಟಿರಿ, ಅದು ಒಂದು ಕಾರಣ. ಚಮಚದಲ್ಲಿ ಕಾಸ್ಟಿಕ್ ಜಾಸ್ತಿ ಬಿದ್ದರೂ ಹಾಗೇ ಪುಡಿಯಾಗುತ್ತದೆ. ಯಾವುದು ಅಂತ ತಿಳಿಯಲು ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ ನಾಲಿಗೆ ತುದಿಗೆ ಮುಟ್ಟಿಸಿ. ಬರೀ ಸೋಪಿನ ರುಚಿ ಬಂದರೆ ಸರಿ. ಬ್ಯಾಟರಿ ನೆಕ್ಕಿದ ಹಾಗೆ ಚುರುಕ್ ಅಂದರೆ ಕಾಸ್ಟಿಕ್ ಉಳಿದಿದೆ, ಮೈಗೆ ಬೇಡ. ಕ್ಷಾರ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದ 9ರಿಂದ 10 ತೋರಿಸಿದರೆ ಗಾಬರಿ ಬೇಡ, ನಿಜವಾದ ಸೋಪು ಇರುವುದೇ ಅಲ್ಲಿ.

ಆಮೇಲೆ ಕಾಯುವುದು. ನಾಲ್ಕರಿಂದ ಆರು ವಾರ. ಒಂದು ದಿನಕ್ಕೇ ಸೋಪು ಆಗಿರುತ್ತದೆ, ಆದರೆ ನೀರು ಆರದ ಸೋಪು ಬಚ್ಚಲಲ್ಲಿ ಎರಡೇ ವಾರಕ್ಕೆ ಕರಗಿ ಹೋಗುತ್ತದೆ. ನಿಮ್ಮ ಮನೆಯಲ್ಲಿ ಕಾಯಿ ಅಟ್ಟಕ್ಕೆ ಹಾಕಿ ಕೊಬ್ಬರಿ ಆಗುವವರೆಗೆ ಹತ್ತಿರ ಹತ್ತಿರ ವರ್ಷ ಕಾಯುತ್ತೀರಲ್ವಾ? ಇದು ಒಂದೂವರೆ ತಿಂಗಳು ಅಷ್ಟೇ.

ಬಣ್ಣದ ಬಗ್ಗೆ ಒಂದು ಮಾತು. ನಾನು ಮೊದಲ ಸಲ ಅರಿಶಿನ ಹಾಕಿದಾಗ ಪಾತ್ರೆಯೆಲ್ಲ ರಕ್ತದ ಹಾಗೆ ಕೆಂಪಾಯಿತು. ಹೆದರಿ ಚೆಲ್ಲಲು ಹೊರಟಿದ್ದೆ. ನಮ್ಮ ಅಮ್ಮ ನೋಡಿ, "ಅಯ್ಯೋ, ಓಕುಳಿ ಅಲ್ವೇನೇ ಇದು" ಅಂದರು. ಹೌದಲ್ಲ! ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ನಮಗೆಲ್ಲ ಗೊತ್ತು, ಇಲ್ಲಿ ಸುಣ್ಣದ ಕೆಲಸವನ್ನು ಕಾಸ್ಟಿಕ್ ಮಾಡುತ್ತದೆ. ವಾರಗಳು ಕಳೆದಂತೆ ಅದು ಕಾವಿ ಬಣ್ಣಕ್ಕೆ ಇಳಿಯಿತು. ತುಳಸಿ, ಬೇವಿನ ಸೊಪ್ಪಿನ ಹಸಿರು ಮಾತ್ರ ನಿಲ್ಲುವುದಿಲ್ಲ, ಕಂದು ಆಗುತ್ತದೆ.

ಕೊಪ್ಪದಿಂದ

ಅಕ್ಕ ಎಲ್ಲ ಹೇಳಿದ್ದಾರೆ, ಮಳೆ ಒಂದು ಬಿಟ್ಟು. ಹಾಸನ ಪೇಟೆಯಲ್ಲಿ ಅಷ್ಟು ತೊಂದರೆ ಆಗಲಿಕ್ಕಿಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಪು ಆರುವುದೇ ಇಲ್ಲ. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಸೋಪಿನ ಮೇಲೆ ಬೆವರಿನ ಹನಿ ನಿಲ್ಲುತ್ತದೆ. ಒಂದು ಮಳೆಗಾಲ ಸೂರ್ಯಕಾಂತಿ ಎಣ್ಣೆ ಜಾಸ್ತಿ ಹಾಕಿದ್ದೆ. ಆಗಸ್ಟ್ ಹೊತ್ತಿಗೆ ಸೋಪಿನ ಮೇಲೆ ಕಿತ್ತಳೆ ಚುಕ್ಕಿ, ಹಳೇ ಹಪ್ಪಳದ ಎಣ್ಣೆ ವಾಸನೆ. ನಲವತ್ತು ಸೋಪು ಹಾಳು. ಕೊಬ್ಬರಿ ಎಣ್ಣೆ ಜಾಸ್ತಿ ಇದ್ದಷ್ಟೂ ಆ ಚುಕ್ಕಿ ಕಡಿಮೆ. ನಿಮಗೆ ಮನೆಯಲ್ಲೇ ಕೊಬ್ಬರಿ ಎಣ್ಣೆ ಇರುವುದು ಪುಣ್ಯ.

ಕಾಸ್ಟಿಕ್ ಕೂಡ ಮಳೆಗಾಲದಲ್ಲಿ ನೀರು ಎಳೆಯುತ್ತದೆ. ಡಬ್ಬ ಸಡಿಲ ಇದ್ದರೆ ಹರಳೆಲ್ಲ ಅಂಟಿಕೊಂಡು ಮುದ್ದೆಯಾಗುತ್ತದೆ. ಅಂಥದ್ದನ್ನು ತೂಗಿದರೆ ಅರ್ಧ ನೀರನ್ನೇ ತೂಗಿದ ಹಾಗೆ, ಲೆಕ್ಕ ತಪ್ಪುತ್ತದೆ. ಬಿಗಿ ಮುಚ್ಚಳದ ಡಬ್ಬ, ಮೇಲೆ ದೊಡ್ಡದಾಗಿ ಹೆಸರು, ಬೀಗ ಇರುವ ಕಪಾಟು. ನೋಡಲು ಕಲ್ಲುಸಕ್ಕರೆ ಚೂರಿನ ಹಾಗೇ ಇರುತ್ತದೆ, ಮಗು ಇರುವ ಮನೆ ಅಂತ ಒತ್ತಿ ಹೇಳುತ್ತಿದ್ದೇನೆ.

ನಾನು ಈಗ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಾಡಿ ಮಳೆಗಾಲಕ್ಕೆ ಕೂಡಿಡುತ್ತೇನೆ. ಒಂದು ವರ್ಷ ಹಂಡೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟೆ. ಆರಿತು, ಆದರೆ ಹೊಗೆ ವಾಸನೆ ಹಿಡಿಯಿತು. ಮೇಲಾಗಿ ಇಲಿ ತಿಂದವು. ಸೋಪಿನ ಅಂಚಿನಲ್ಲಿ ಸಾಲಾಗಿ ಎರಡೆರಡು ಹಲ್ಲಿನ ಗುರುತು. ಈಗ ತಂತಿ ಬಲೆ ಹೊಡೆದ ಕಪಾಟು ಮಾಡಿಸಿದ್ದೇನೆ.

ಸಕಲೇಶಪುರದಿಂದ

ನಾನು ಕಾಫಿ ಸೋಪು ಮಾಡಿ ಸುತ್ತಲಿನ ಹೋಮ್‌ಸ್ಟೇಗಳಿಗೆ ಕೊಡುತ್ತೇನೆ. ನೀರಿನ ಬದಲು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದ ಗಟ್ಟಿ ಡಿಕಾಕ್ಷನ್‌ಗೆ ಕಾಸ್ಟಿಕ್ ಹಾಕುತ್ತೇನೆ. ಆಗ ಕೆಟ್ಟ ವಾಸನೆ ಬರುತ್ತದೆ, ಹೆದರಬೇಡಿ, ಆರುತ್ತಾ ಹೋಗುತ್ತದೆ. ಕಾಫಿ ಘಮ ಮಾತ್ರ ಉಳಿಯುವುದಿಲ್ಲ. ಬಣ್ಣ ಚೆನ್ನಾಗಿ ಬರುತ್ತದೆ, ನುಣ್ಣಗಿನ ಪುಡಿ ಒಂದು ಚಮಚ ಹಾಕಿದರೆ ತೋಟದ ಕೆಲಸದ ಕೈಗೆ ಬಹಳ ಒಳ್ಳೆಯದು. ಚಿಕೋರಿ ಇಲ್ಲದ ಪುಡಿ ಹಾಕಿ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. 2025ರಲ್ಲಿ ಕೊಬ್ಬರಿ ಎಣ್ಣೆ ಕಿಲೋಗೆ 400 ದಾಟಿದಾಗ 100 ಗ್ರಾಂ ಸೋಪಿಗೆ ಸಾಮಾನಿನ ಖರ್ಚೇ 27 ರೂಪಾಯಿ ಬಿತ್ತು. ಕಾಗದ, ಲೇಬಲ್ ಸೇರಿ 35. ಇದರಲ್ಲಿ ನನ್ನ ಕೂಲಿ ಇಲ್ಲ. ಅಂಗಡಿ ಸೋಪಿನ ಬೆಲೆಗೆ ಮಾರಲು ಹೋಗಬೇಡಿ, ಖಂಡಿತ ನಷ್ಟ. ನಾನು 90ಕ್ಕೆ ಕೊಡುತ್ತೇನೆ. ನಿಮ್ಮ ಎಣ್ಣೆ ಮನೆಯದೇ ಆದರೂ ಪೇಟೆ ಬೆಲೆಯಲ್ಲೇ ಲೆಕ್ಕ ಬರೆದುಕೊಳ್ಳಿ. ಅದನ್ನು ಹಾಗೇ ಮಾರಿದರೂ ಅಷ್ಟು ದುಡ್ಡು ಬರುತ್ತಿತ್ತಲ್ವಾ?

ಹಾಸನದಿಂದ, ಲೈಸೆನ್ಸ್ ಮಾಡಿಸಿದವರು

ಮಾರುವ ವಿಷಯಕ್ಕೆ ನಾನು ಬರೆಯುತ್ತೇನೆ, ಏಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನಗೂ ಹೇಳಲಿಲ್ಲ. ಒಂದು ವರ್ಷ ಲೈಸೆನ್ಸ್ ಇಲ್ಲದೆ ಮಾರಿದೆ. ಒಂದು ಅಂಗಡಿಯವರು ಬಿಲ್ಲು, ಲೈಸೆನ್ಸ್ ನಂಬರ್ ಕೇಳಿದಾಗಲೇ ಗೊತ್ತಾಗಿದ್ದು.

ಮೈಗೆ ಹಚ್ಚುವ ಸೋಪು ಕಾನೂನಿನಲ್ಲಿ ಕಾಸ್ಮೆಟಿಕ್. ತಯಾರಿಸಿ ಮಾರಲು 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ರಾಜ್ಯದ ಔಷಧ ಇಲಾಖೆಯ ಲೈಸೆನ್ಸ್ ಬೇಕು. ಅರ್ಜಿ ಸಿಒಎಸ್-5, ಸಿಗುವ ಲೈಸೆನ್ಸ್ ಸಿಒಎಸ್-8. ಅಡುಗೆಮನೆ ತೋರಿಸಿದರೆ ಆಗುವುದಿಲ್ಲ, ತಯಾರಿಕೆಗೆ ಬೇರೆ ಜಾಗ ಬೇಕು. ಕೆಲಸ ನೋಡಿಕೊಳ್ಳುವವರು ಫಾರ್ಮಸಿ ಓದಿರಬೇಕು, ಇಲ್ಲ ಪಿಯುಸಿಯಲ್ಲಿ ಕೆಮಿಸ್ಟ್ರಿ ಇರಬೇಕು. ನನ್ನ ಹೆಂಡತಿ ಪಿಯುಸಿ ಸೈನ್ಸ್ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಜಾಗ ಇಲ್ಲದವರು ಲೈಸೆನ್ಸ್ ಇರುವ ಬೇರೆಯವರ ಘಟಕದಲ್ಲಿ ಮಾಡಿಸಿಕೊಳ್ಳುವ ಲೋನ್ ಲೈಸೆನ್ಸ್ ಅಂತಲೂ ಇದೆ.

ಲೇಬಲ್ ಮೇಲೆ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು ವರ್ಷ, ವಿಳಾಸ, ಏನೇನು ಹಾಕಿದ್ದೀರಿ ಎಲ್ಲ ಇರಬೇಕು. ಸೋಪು ಆರುತ್ತಾ ತೂಕ ಇಳಿಯುತ್ತದೆ, ಆರಿದ ಮೇಲೆಯೇ ತೂಗಿ ಬರೆಯಿರಿ. "ಮೊಡವೆ ಹೋಗುತ್ತದೆ, ಇಸುಬು ವಾಸಿಯಾಗುತ್ತದೆ" ಅಂತ ದಯವಿಟ್ಟು ಬರೆಯಬೇಡಿ. ಹಾಗೆ ಬರೆದರೆ ಅದು ಔಷಧದ ಕಾನೂನಿಗೆ ಹೋಗುತ್ತದೆ. ಮೇಲಾಗಿ ಅದು ನಿಜವೂ ಅಲ್ಲ. ಚರ್ಮದ ಕಾಯಿಲೆಗೆ ಡಾಕ್ಟರ ಹತ್ತಿರ ಹೋಗಬೇಕಾದವರು ನಮ್ಮ ಸೋಪು ನಂಬಿ ಕೂತರೆ ಆ ಪಾಪ ನಮಗೆ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. ಅದಕ್ಕೆ ದುಡ್ಡು ಕೇಳುವವರನ್ನು ನಂಬಬೇಡಿ.

ಇನ್ನೊಂದು. ಹೊಂಗೆ ಎಣ್ಣೆ ಸಿಕ್ಕರೆ ಬಟ್ಟೆ ಸೋಪಿಗೆ ಹಾಕಿ ನೋಡಿ. ನಮ್ಮ ಮಡೇನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಇದೆಯಲ್ಲ, ಹೊಂಗೆ, ಬೇವು, ಹಿಪ್ಪೆ ಬೀಜದ ಎಣ್ಣೆ ಬಗ್ಗೆ ಕೆಲಸ ನಡೆಯುವುದು ಅಲ್ಲೇ. ಹೊಂಗೆ ಎಣ್ಣೆಯ ವಾಸನೆ ಗಡುಸು, ಮೈಗೆ ಎಲ್ಲರಿಗೂ ಹಿಡಿಸುವುದಿಲ್ಲ.

ಹಾಸನದಿಂದ, ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ನಾಲಿಗೆಗೆ ಮುಟ್ಟಿಸಿ ನೋಡಿದೆ, ಚುರುಕ್ ಅಂತು. ಆ ಪುಡಿಯನ್ನು ಬಿಸಾಡುತ್ತೇನೆ. ತೂಕದ ಮೆಷಿನ್, ಮೊಣಕೈವರೆಗಿನ ಗ್ಲೌಸ್ ತಂದಿದ್ದೇನೆ. ಮಾರುವುದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡೆ. ಮೊದಲು ಮತ್ತೆ ಬರೀ ಕೊಬ್ಬರಿ ಎಣ್ಣೆಯಲ್ಲೇ, 600 ಗ್ರಾಂಗೆ ಲೆಕ್ಕ ಹಾಕಿದೆ. ಕಾಸ್ಟಿಕ್ 88 ಗ್ರಾಂ, ನೀರು 176 ಬಂತು. ಸರಿ ಇದೆಯಾ ಅಕ್ಕ?

ಮೂಡಿಗೆರೆ ಕಡೆಯಿಂದ

ಸರಿ ಇದೆ. ನಾನೂ ಎರಡು ಸಲ ಹಾಕಿ ನೋಡಿದೆ. ಬೆಳಿಗ್ಗೆ ಹತ್ತಕ್ಕೆ ಹುಯ್ದರೆ ಮಧ್ಯಾಹ್ನ ಎರಡರಿಂದಲೇ ಬೆರಳಲ್ಲಿ ಒತ್ತಿ ನೋಡುತ್ತಾ ಇರಿ, ಗ್ಲೌಸ್ ಹಾಕಿಕೊಂಡೇ. ಗಿಣ್ಣಿನಷ್ಟು ಗಟ್ಟಿ ಆದ ತಕ್ಷಣ ಕತ್ತರಿಸಿ, ಸಂಜೆವರೆಗೆ ಬಿಡಬೇಡಿ. ಆ ಹಳೇ ಪುಡಿಯನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ, ಮಗನ ಕೈಗಾಗಲಿ ದನದ ಬಾಯಿಗಾಗಲಿ ಸಿಗಬಾರದು.