ಗೋವಾದಲ್ಲಿ ಗಂಡ-ಹೆಂಡತಿ ಸೇರಿ ಒಂದೇ ಐಟಿ ರಿಟರ್ನ್ ಹಾಕಬಹುದಾ?

ಮಡಗಾಂವ್ ಕನ್ನಡಿಗ:
ನಮಸ್ಕಾರ. ನನ್ನ ಸಂಬಳ ವರ್ಷಕ್ಕೆ 14 ಲಕ್ಷ. ನನ್ನ ಹೆಸರಲ್ಲಿರೋ ಅಂಗಡಿಯನ್ನ ಒಂದು ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದೀನಿ, ತಿಂಗಳಿಗೆ 60,000. ಎಫ್‌ಡಿ ಬಡ್ಡಿ 80,000. ನಮ್ಮ ಮನೆಯವರಿಗೆ (ಹೆಂಡತಿಗೆ) ಬೇರೆ ಆದಾಯ ಇಲ್ಲ. ಇಬ್ಬರೂ ಸೇರಿ ಒಂದೇ ರಿಟರ್ನ್ ಹಾಕೋಕೆ ಬರುತ್ತಾ? ಗೋವಾದವರಿಗೆ ಅರ್ಧರ್ಧ ಹಂಚೋ ನಿಯಮ ಇದೆ ಅಂತಾರಲ್ಲ, ಅದು ನಮಗೂ ಸಲ್ಲುತ್ತಾ? 2025-26ರ ಲೆಕ್ಕ, ಹೊಸ ತೆರಿಗೆ ಪದ್ಧತಿ.

ಪೋಂಡಾ ಲೆಕ್ಕಿಗ:
ಒಂದೇ ರಿಟರ್ನ್ ಆಗಲ್ಲ ಸರ್. ದಂಪತಿಗೆ ಜಂಟಿ ರಿಟರ್ನ್ ಬೇಕು ಅಂತ ಐಸಿಎಐ (ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ) 2025ರ ಬಜೆಟ್‌ಗೆ ಮುಂಚೆ ಸಲಹೆ ಕೊಟ್ಟಿತ್ತು, ಆದರೆ ಅದು ಕಾನೂನಾಗಿಲ್ಲ. ಎರಡು ಪ್ಯಾನ್, ಎರಡು ರಿಟರ್ನ್.

ನೀವು ಕೇಳಿದ್ದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 5ಎ. ಸಂಬಳ ಬಿಟ್ಟು ಉಳಿದ ಎಲ್ಲ ಆದಾಯ ಇಬ್ಬರಿಗೂ ಸಮಪಾಲು. ಬಾಡಿಗೆ 7,20,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 30% ಕಳೆದರೆ 5,04,000. ಬಡ್ಡಿ ಸೇರಿ 5,84,000. ಒಬ್ಬೊಬ್ಬರಿಗೆ 2,92,000.

ನಿಮ್ಮ ಸಂಬಳದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 13,25,000. ಪೂರ್ತಿ ಆದಾಯ ನಿಮ್ಮ ತಲೆಗೇ ಬಂದರೆ 19,09,000, ತೆರಿಗೆ 1,81,800. ಅರ್ಧ ಹಂಚಿದರೆ 16,17,000, ತೆರಿಗೆ 1,23,400. 58,400 ಉಳಿತು, ಮೇಲೆ 4% ಸೆಸ್ ಉಳಿತಾಯ ಬೇರೆ. ಮನೆಯವರದು 4 ಲಕ್ಷದ ಒಳಗಿದೆ, ಅವರಿಗೆ ತೆರಿಗೆ ಸೊನ್ನೆ.

ಕಾಯ್ದೆ ಕಾರ್ನರ್:
ಲೆಕ್ಕ ಸರಿ, ಆದ್ರೆ ಅರ್ಹತೆ ಮೊದಲು ನೋಡ್ರಿ. ಮನೆ ವಾಸ್ಕೋದಲ್ಲಿದೆ, ಆಧಾರ್ ಇಲ್ಲಿದೆ ಅಂದ ಮಾತ್ರಕ್ಕೆ 5ಎ ಹತ್ತಲ್ಲ. ದಂಪತಿ ಪೋರ್ಚುಗೀಸ್ ಸಿವಿಲ್ ಕೋಡ್‌ನ (ಗೋವಾದಲ್ಲಿ ಉಳಿದಿರೋ ಪೋರ್ಚುಗೀಸರ ಕಾಲದ ಕಾನೂನು) ಸಮಾನ ಆಸ್ತಿ ಪದ್ಧತಿಗೆ, ಅಂದ್ರೆ ಆಸ್ತಿಯೆಲ್ಲ ಗಂಡ-ಹೆಂಡತಿ ಇಬ್ಬರದೂ ಅನ್ನೋ ನಿಯಮಕ್ಕೆ, ಒಳಪಟ್ಟಿರಬೇಕು. ಹುಬ್ಬಳ್ಳಿಯಲ್ಲಿ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆಯಾಗಿ ಕೆಲಸಕ್ಕಂತ ಇಲ್ಲಿಗೆ ಬಂದವರು ಇದನ್ನ ಹಾಕಿಕೊಂಡ್ರೆ ನೋಟಿಸ್ ಬಂದಾಗ ತೋರಿಸೋಕೆ ಕಾಗದ ಇರಲ್ಲ. ಮೂಲ ನೆಲೆ ಗೋವಾ ಆಗಿದ್ದು, ಇಲ್ಲಿನ ಸಿವಿಲ್ ರಿಜಿಸ್ಟ್ರಾರ್ ಹತ್ತಿರ ಮದುವೆ ನೋಂದಣಿಯಾಗಿದ್ದು, ಮದುವೆಗೆ ಮುಂಚೆ ಬೇರೆ ಆಸ್ತಿ ಪದ್ಧತಿಯ ಕರಾರು ಮಾಡಿಕೊಂಡಿಲ್ಲ ಅಂದ್ರೆ ಧೈರ್ಯವಾಗಿ ಹಂಚಬಹುದು. (ಕೋಡ್ 1867ರದ್ದು, ಆದಾಯ ತೆರಿಗೆ ಕಾಯ್ದೆಯಲ್ಲಿ ಮಾತ್ರ 1860 ಅಂತ ಅಚ್ಚಾಗಿದೆ! ಅದಕ್ಕೆ ಗಾಬರಿ ಬೇಡ.)

ಅರ್ಹತೆ ಇಲ್ಲದವರು ಎಫ್‌ಡಿಗೆ ಹೆಂಡತಿ ಹೆಸರು ಸೇರಿಸಿದ್ರೂ ಉಪಯೋಗ ಇಲ್ಲ. ದುಡ್ಡು ಗಂಡಂದು ಆದ್ರೆ ಸೆಕ್ಷನ್ 64ರಲ್ಲಿ ಬಡ್ಡಿ ಗಂಡನ ಲೆಕ್ಕಕ್ಕೇ ಬರುತ್ತೆ.

ಮಡಗಾಂವ್ ಕನ್ನಡಿಗ:
ಅಜ್ಜನ ಕಾಲದಿಂದ ಇಲ್ಲೇ ಇದ್ದೀವಿ. ಮದುವೆ ನೋಂದಣಿ ಮಡಗಾಂವ್‌ನಲ್ಲೇ, ಕರಾರು ಏನೂ ಇಲ್ಲ. ಟಿಡಿಎಸ್ (ಕೊಡೋವಾಗಲೇ ಮುರಿದುಕೊಂಡ ತೆರಿಗೆ) ಪೂರ್ತಿ ನನ್ನ ಪ್ಯಾನ್‌ನಲ್ಲಿದೆ: ಬಾಡಿಗೆಗೆ 72,000, ಬಡ್ಡಿಗೆ 8,000.

ಪೋಂಡಾ ಲೆಕ್ಕಿಗ:
ಜನ ಎಡವೋದೇ ಅಲ್ಲಿ. ಆದಾಯ ಅರ್ಧ ತೋರಿಸಿ ಟಿಡಿಎಸ್ ಪೂರ್ತಿ ತಾವೇ ಕ್ಲೇಮ್ ಮಾಡ್ತಾರೆ, ಅದು ತಾಳೆ ಆಗಲ್ಲ. ನಿಮಗೆ 40,000, ಅವರಿಗೆ 40,000.

ಐಟಿಆರ್-1 ಹಾಕೋ ಹಾಗಿಲ್ಲ. ನಿಮಗೆ ಐಟಿಆರ್-2, ವ್ಯಾಪಾರ ಇದ್ದವರಿಗೆ ಐಟಿಆರ್-3. ಶುರುವಲ್ಲೇ ಪೋರ್ಚುಗೀಸ್ ಸಿವಿಲ್ ಕೋಡ್ ಬಗ್ಗೆ ಪ್ರಶ್ನೆ ಇರುತ್ತೆ, 'ಹೌದು' ಅನ್ನಿ. ಆಗ ಶೆಡ್ಯೂಲ್ 5ಎ ತುಂಬಬೇಕಾಗುತ್ತೆ: ಮನೆಯವರ ಹೆಸರು, ಪ್ಯಾನ್, ಒಂದೊಂದು ಬಾಬ್ತಿನಲ್ಲೂ ಬಂದ ಒಟ್ಟು ಆದಾಯ, ಅವರ ಪಾಲು, ಟಿಡಿಎಸ್, ಅದರಲ್ಲಿ ಅವರ ಪಾಲು. ಎಐಎಸ್‌ನಲ್ಲಿ (ಇಲಾಖೆ ಹತ್ತಿರ ಇರೋ ನಿಮ್ಮ ವರ್ಷದ ಆದಾಯದ ಪಟ್ಟಿ) 7,20,000 ಪೂರ್ತಿ ನಿಮ್ಮ ಹೆಸರಲ್ಲೇ ಕಾಣೋದರಿಂದ ಈ ಶೆಡ್ಯೂಲ್ ಖಾಲಿ ಬಿಟ್ರೆ ಆದಾಯ ಮುಚ್ಚಿಟ್ಟ ಹಾಗೆ ಕಾಣುತ್ತೆ.

ಟಿಡಿಎಸ್ ಶೆಡ್ಯೂಲ್‌ನಲ್ಲೂ ಮನೆಯವರ ಪ್ಯಾನ್ ಕೊಟ್ಟು ಅವರ 40,000 ಬಿಟ್ಟುಕೊಡಿ. ಇದಾಗದಿದ್ರೆ ಅವರ ರಿಫಂಡ್ ನಿಲ್ಲುತ್ತೆ, ಯಾಕಂದ್ರೆ ಅವರ 26ಎಎಸ್‌ನಲ್ಲಿ (ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಏನೂ ಇರಲ್ಲ. ನಿಮ್ಮದು ಮೊದಲು ಸಲ್ಲಿಸಿ, ಅವರದು ಆಮೇಲೆ. ತೆರಿಗೆ ಸೊನ್ನೆ ಅಂತ ಅವರದು ಹಾಕದೆ ಬಿಟ್ರೆ 40,000 ಹೋದಂಗೇ.

ಮಡಗಾಂವ್ ಕನ್ನಡಿಗ:
ಅಂಗಡಿ ಅಪ್ಪನಿಂದ ಬಂದಿದ್ದು, ಅದಕ್ಕೂ ಅರ್ಧಾನಾ?

ಕಾಯ್ದೆ ಕಾರ್ನರ್:
ಹೌದ್ರೀ. ಕರಾರು ಇಲ್ಲದ ಮದುವೆಯಲ್ಲಿ ಪಿತ್ರಾರ್ಜಿತವೂ ಇಬ್ಬರದೇ. ಮುಂದೆ ಮಾರಿದ್ರೆ ಬರೋ ಲಾಭಾನೂ ಹಿಂಗೇ ಅರ್ಧ. 2026-27ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅಲ್ಲಿ ಇದು ಸೆಕ್ಷನ್ 10.