ಕೊಲಂಬಸ್‌ನಲ್ಲಿ ಟ್ಯಾಕ್ಸಿಗೆ ಹಿಡಿಯುವ ಮನೆ ಬೆಲೆ ಏರಿಸಿದ್ದಾರೆ, ಮೇಲೆ ಸ್ಕೂಲ್ ಲೆವಿ (ಊರಿನವರ ಓಟಿನಿಂದ ಬರುವ ಸ್ಕೂಲ್ ಟ್ಯಾಕ್ಸ್) ಬೇರೆ. ಬೆಲೆಯ ತಕರಾರು ಕೇಳುವ ಬೋರ್ಡ್ ಆಫ್ ರಿವಿಜನ್‌ಗೆ ಹೋದವರು ಇದ್ದೀರಾ?

ಧಾರವಾಡದ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮದು ಒಹಾಯೊದ ಫ್ರಾಂಕ್ಲಿನ್ ಕೌಂಟಿ, ಕೊಲಂಬಸ್ ಸಿಟಿ ಸ್ಕೂಲ್ಸ್ ವ್ಯಾಪ್ತಿ. 2023ರ ರೀಅಪ್ರೈಸಲ್‌ನಲ್ಲಿ (ಕೌಂಟಿಯವರು ಹೊಸದಾಗಿ ಬೆಲೆ ಕಟ್ಟಿದಾಗ) ಮನೆ ಬೆಲೆ 2 ಲಕ್ಷ 70 ಸಾವಿರದಿಂದ 3 ಲಕ್ಷ 80 ಸಾವಿರಕ್ಕೆ ಏರಿದೆ. ನವೆಂಬರ್‌ನಲ್ಲಿ 7.7 ಮಿಲ್ (ಒಂದು ಮಿಲ್ ಅಂದರೆ ಟ್ಯಾಕ್ಸಿಗೆ ಹಿಡಿಯುವ ಸಾವಿರ ಡಾಲರಿಗೆ ಒಂದು ಡಾಲರ್) ಲೆವಿಯೂ ಪಾಸಾಯಿತು. ವರ್ಷಕ್ಕೆ 5,650 ಡಾಲರ್ ಇದ್ದ ಟ್ಯಾಕ್ಸ್ ಈಗ 7,150. ನಮ್ಮ ಬೇಸ್‌ಮೆಂಟಿಗೆ ಮಳೆಗಾಲದಲ್ಲಿ ನೀರು ಬರುತ್ತದೆ. ಇದೇ ಅಳತೆಯ ಪಕ್ಕದ ಮನೆ 3 ಲಕ್ಷ 45 ಸಾವಿರಕ್ಕೆ ಹೋಯಿತು. ಮಾರ್ಚ್ 31ರೊಳಗೆ ಅರ್ಜಿ ಹಾಕಲಾ? ಬೆಲೆ ಕಟ್ಟಿಕೊಡುವ ಅಪ್ರೈಸರ್‌ಗೆ ದುಡ್ಡು ಕೊಡುವುದು ದಂಡವಾ?

ತುಮಕೂರಿನವ
1,500 ಏರಿದ್ದಕ್ಕೆ ಇಷ್ಟು ಗಾಬರಿನಾ ಮೇಡಂ? ನನ್ನ ಕಥೆ ಕೇಳಿ. ಡೆಲವೇರ್ ಕೌಂಟಿಯಲ್ಲಿ ಹೊಸ ಮನೆ ಕಟ್ಟಿಸಿಕೊಂಡೆ. 2021ರ ಜೂನ್‌ನಲ್ಲಿ ಕೀ ಸಿಕ್ಕಿತು. ಇಲ್ಲಿ ಲೆಕ್ಕ ಜನವರಿ 1ಕ್ಕೆ, ಬಿಲ್ ಬರುವುದು ಮುಂದಿನ ವರ್ಷ. ಆ ಜನವರಿ 1ರಂದು ಅಲ್ಲಿ ಇದ್ದದ್ದು ಬರೀ ಮಣ್ಣು. ಹಾಗಾಗಿ 2022ರಲ್ಲಿ ಖಾಲಿ ಸೈಟಿನ ಟ್ಯಾಕ್ಸ್ 1,900 ಬಂತು. ಸಾಲ ಕೊಟ್ಟವರು ಎಸ್ಕ್ರೋವನ್ನೂ (ಟ್ಯಾಕ್ಸಿಗಾಗಿ ಕಂತಿನ ಜೊತೆ ಎತ್ತಿಡುವ ಹಣ) ಅದರ ಮೇಲೇ ಕಟ್ಟಿದ್ದರು. 2023ರಲ್ಲಿ ಮನೆ ಸಮೇತ ಬಿಲ್ ಬಂತು: 11,500. ತಿಂಗಳಿಗೆ 800 ಹೆಚ್ಚಳ. ಅದರ ಮೇಲೆ ಹಿಂದಿನ ಕೊರತೆ 9,600 ತುಂಬಿಸಲು ಇನ್ನೊಂದು 800. ಒಂದೇ ಕಂತಿನಲ್ಲಿ 1,600 ಡಾಲರ್ ಏರಿದರೆ ಹೇಗಿರುತ್ತದೆ ಹೇಳಿ. ಗೋಗರೆದು ಕೊರತೆಯನ್ನು ಎರಡು ವರ್ಷಕ್ಕೆ ಹಂಚಿಸಿಕೊಂಡೆ. ಊರಿಗೆ ಹೋಗುವ ಟಿಕೆಟ್ ಕ್ಯಾನ್ಸಲ್. ಮಾಡೆಲ್ ಹೋಮ್‌ನಲ್ಲಿ ಕೂತಿದ್ದ ಏಜೆಂಟ್ ಮಾತ್ರ "ಟ್ಯಾಕ್ಸ್ ತುಂಬಾ ಕಡಿಮೆ ಸರ್" ಅಂತ ಆ 1,900ರ ಬಿಲ್ಲನ್ನೇ ತೋರಿಸಿದ್ದ.

ರಿಟೈರ್ಡ್ ರಾಯರು
ಮೂವತ್ತು ವರ್ಷಕ್ಕಿಂತ ಜಾಸ್ತಿ ಈ ದೇಶದಲ್ಲಿ ಸ್ಕೂಲ್ ಟ್ಯಾಕ್ಸ್ ಕಟ್ಟಿದ್ದೇನೆ. ನನ್ನ ಮಕ್ಕಳು ಓದಿ, ಸಿಯಾಟಲ್ ಸೇರಿ, ಅವರಿಗೂ ಮಕ್ಕಳಾದವು. ನಾನು ಇನ್ನೂ ಕಟ್ಟುತ್ತಲೇ ಇದ್ದೇನೆ. 65 ದಾಟಿದವರಿಗೆ ಹೋಮ್‌ಸ್ಟೆಡ್ (ವಾಸದ ಮನೆ) ವಿನಾಯಿತಿ ಇದೆ ಅಂತ ಎಲ್ಲರೂ ಹೇಳುತ್ತಾರೆ. 2014ರಿಂದ ಹೊಸಬರಿಗೆ ಆದಾಯ ಮಿತಿ ಇದೆ. ನನ್ನ ಪೆನ್ಷನ್ ಆ ಗೆರೆಯನ್ನು ಸ್ವಲ್ಪದರಲ್ಲಿ ದಾಟುತ್ತದೆ. ಮನೆಯ ಬೆಲೆ ಏರಿದರೆ ನನಗೇನು ಬಂತು? ಗೋಡೆ ಕಿತ್ತು ಮಾರಲಾ? ಇನ್ನು ಮೇಲೆ ಪ್ರತಿ ಲೆವಿಗೂ ನನ್ನದು ‘ನೋ’.

ಹಾಸನದ ಹುಡುಗಿ
ರಾಯರೇ, ನಿಮ್ಮ ‘ನೋ’ದಿಂದ ಏನಾಗುತ್ತದೆ ಅಂತ ನಾವು ಅನುಭವಿಸಿದ್ದೇವೆ. ನಮ್ಮ ಹಿಂದಿನ ಊರಿನಲ್ಲಿ ಲೆವಿ ಸೋತಿತು. ಮತ್ತೆ ಬ್ಯಾಲಟ್‌ಗೆ ಬಂತು, ಮತ್ತೆ ಸೋತಿತು. ಮೊದಲು ಹೋದದ್ದು ಹೈಸ್ಕೂಲ್ ಬಸ್. ಆಮೇಲೆ ಮಗಳ ಬ್ಯಾಂಡಿಗೆ, ಮಗನ ಟ್ರ್ಯಾಕಿಗೆ ಬೇರೆ ಬೇರೆ ಫೀಸು. ಬೆಳಗ್ಗೆ ಕಾರಿನ ಸಾಲಿನಲ್ಲಿ ಕೂತು ಕೂತು ನಾನು ಪಾರ್ಟ್ ಟೈಮ್ ಕೆಲಸವನ್ನೇ ಬಿಟ್ಟೆ. ಉಳಿದ ಟ್ಯಾಕ್ಸು ಆ ಫೀಸಿಗೇ ಸಾಲಲಿಲ್ಲ. ಈಗಿನ ಊರಿನಲ್ಲಿ ಲೆವಿ ಪರವಾಗಿ ಮನೆ ಮನೆ ಬಾಗಿಲು ತಟ್ಟಿದ್ದೇನೆ. ಹೆಮ್ಮೆಯಿಂದಲೇ ಹೇಳುತ್ತೇನೆ. ನಿಮ್ಮ ಮಕ್ಕಳು ಓದುವಾಗ ಆಗಿನ ಮುದುಕರು ಕಟ್ಟಿರಲಿಲ್ವಾ?

ಇನ್ನೂ ಎಚ್‌ಒನ್‌ಬಿ
ನೀವಿಬ್ಬರೂ ‘ಯೆಸ್’ ‘ನೋ’ ಅಂತ ಜಗಳ ಆಡುವಷ್ಟಾದರೂ ಪುಣ್ಯವಂತರು. ನಾನು ವರ್ಷಕ್ಕೆ ಒಂಬತ್ತು ಸಾವಿರ ಕಟ್ಟುತ್ತೇನೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿದ್ದೇನೆ. ಸಿಟಿಜನ್ ಅಲ್ಲದವನಿಗೆ ಲೆವಿಗೆ ಓಟು ಹಾಕುವ ಹಕ್ಕಿಲ್ಲ. ನಮ್ಮ ಬೀದಿಯಲ್ಲಿ ಹಾಸನ, ಮಂಡ್ಯ, ಗುಂಟೂರು, ಕೊಯಮತ್ತೂರು ಎಲ್ಲ ಇದ್ದಾರೆ. ಬಿಲ್ ಎಲ್ಲರಿಗೂ ಬರುತ್ತದೆ, ಬ್ಯಾಲಟ್ ಎರಡು ಮನೆಗೆ.

ಲೆಕ್ಕದ ಮೇಷ್ಟ್ರು
ಬೆಲೆ 41 ಪರ್ಸೆಂಟ್ ಏರಿದರೆ ಟ್ಯಾಕ್ಸೂ 41 ಪರ್ಸೆಂಟ್ ಏರುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡುತ್ತಿದೆ. ಸುಳ್ಳು. 1976ರ ಹೌಸ್ ಬಿಲ್ 920 ಪ್ರಕಾರ, ಬೆಲೆ ಏರಿದಾಗ ಓಟಿನಿಂದ ಬಂದ ಲೆವಿಗಳ ದರ ಇಳಿಯುತ್ತದೆ. ಹಳೆಯ ಮನೆಗಳಿಂದ ಬರುವ ಒಟ್ಟು ಹಣ ಅಷ್ಟೇ ಇರಬೇಕು. ಈ ಸಲ ಬೆಲೆ ಜೊತೆ ಏರಿದ್ದು ಓಟಿಲ್ಲದೆ ಬರುವ 10 ಮಿಲ್ ಮಾತ್ರ. ನಿಮ್ಮ ಮನೆಯೇ ನೋಡಿ. ಟ್ಯಾಕ್ಸ್ ಹಾಕುವುದು ಬೆಲೆಯ ಶೇ. 35ಕ್ಕೆ, 3,80,000ಕ್ಕೆ ಅದು 1,33,000. ಅದಕ್ಕೆ 7.7 ಮಿಲ್, 1,024 ಡಾಲರ್. ನಿಮ್ಮ 1,500ರಲ್ಲಿ ಮೂರರಲ್ಲಿ ಎರಡು ಪಾಲು ಲೆವಿಯದೇ. ಕೌಂಟಿ ಸರಾಸರಿಯೂ ಸುಮಾರು 41 ಪರ್ಸೆಂಟೇ. ಸರಾಸರಿಯಷ್ಟೇ ಏರಿದವರಿಗೆ ರೀಅಪ್ರೈಸಲ್‌ನಿಂದ ಅಂಥ ದೊಡ್ಡ ಏಟಿಲ್ಲ. ಜನ ಬೆಲೆ ಕಟ್ಟುವ ಕೌಂಟಿ ಆಡಿಟರನ್ನು ಬೈಯುತ್ತಾರೆ, ಸುಮ್ನೆ.

ಬಟ್ಲರ್ ಕೌಂಟಿ ಬಡವ
ಮೇಷ್ಟ್ರೇ, ಅರ್ಧ ಪಾಠ ಮಾಡಬೇಡಿ. 20 ಮಿಲ್ ಫ್ಲೋರ್ ಎಲ್ಲಿ ಹೋಯಿತು? ಸ್ಕೂಲ್ ನಡೆಸುವ ದರ 20 ಮಿಲ್‌ಗಿಂತ ಕೆಳಗೆ ಇಳಿಯುವ ಹಾಗಿಲ್ಲ. ಆ ನೆಲ ತಾಗಿದ ಡಿಸ್ಟ್ರಿಕ್ಟ್‌ನಲ್ಲಿ ಬೆಲೆ ಎಷ್ಟು ಏರಿತೋ ಆ 20 ಮಿಲ್‌ನ ಟ್ಯಾಕ್ಸೂ ಅಷ್ಟೇ ಏರಿತು. ನಮ್ಮದು ಅಂಥದೇ. ಯಾರೂ ಓಟು ಹಾಕದೆ ಸ್ಕೂಲಿನ ಪಾಲು ನೂರಾರು ಡಾಲರ್ ಏರಿತು. ಇನ್ನೂ ತಮಾಷೆ ಕೇಳಿ, ಎಮರ್ಜೆನ್ಸಿ ಲೆವಿಯನ್ನು (ಇಷ್ಟು ಹಣ ಬೇಕು ಅಂತ ಮೊತ್ತ ಹೇಳಿ ತರುವ ಲೆವಿ) ಆಗ ಆ 20ರ ಲೆಕ್ಕಕ್ಕೆ ಹಿಡಿಯುತ್ತಲೇ ಇರಲಿಲ್ಲ. ನೆಲದ ಲಾಭವೂ ಬೇಕು, ಲೆವಿಯೂ ಬೇಕು.

ಲೆಕ್ಕದ ಮೇಷ್ಟ್ರು
ಆಕೆ ಕೇಳಿದ್ದು ಕೊಲಂಬಸ್ ಬಗ್ಗೆ. ನಿಮ್ಮ ಊರಿನ ಗೋಳನ್ನು ಬೇರೆ ಬರೆದುಕೊಳ್ಳಿ.

ಪ್ಲೇನೋ ಪಟೇಲ
ಎಲ್ಲ ಬಿಟ್ಟು ಟೆಕ್ಸಸ್‌ಗೆ ಬನ್ನಿ ಗುರು. ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ. ಹೋಮ್‌ಸ್ಟೆಡ್ ಇದ್ದರೆ ವರ್ಷಕ್ಕೆ 10 ಪರ್ಸೆಂಟ್‌ಗಿಂತ ಜಾಸ್ತಿ ಬೆಲೆ ಏರಿಸುವ ಹಾಗಿಲ್ಲ. 2023ರಲ್ಲಿ ಸ್ಕೂಲ್ ಟ್ಯಾಕ್ಸಿನ ವಿನಾಯಿತಿ 40 ಸಾವಿರದಿಂದ 1 ಲಕ್ಷ ಆಯಿತು.

ತುಮಕೂರಿನವ
ವಿನಾಯಿತಿ ಸರಿ, ನಿಮ್ಮ ಬಿಲ್ ಎಷ್ಟು ಅಂತ ಬರೆಯಿರಿ ನೋಡೋಣ. ನಿಮ್ಮ ಸ್ಕೂಲಿಗೆ ಕಟ್ಟಿದ್ದರಲ್ಲಿ ಎಷ್ಟು ಬೇರೆ ಊರಿಗೆ ಹೋಗುತ್ತದೆ ಅಂತಲೂ ಬರೆಯಿರಿ.

ಪ್ಲೇನೋ ಪಟೇಲ
ಬಿಲ್ ಯಾಕೆ? ಹಿಮ ಗುಡಿಸುವ ಖರ್ಚು ನಮಗಿಲ್ಲ.

ಮಂಡ್ಯದ ಗೌಡ
ಬೋರ್ಡ್‌ಗೆ ಹೋದವನು ನಾನು. 2020ರ ಬೆಲೆ ಮೇಲೆ 2021ರ ಮಾರ್ಚ್‌ನಲ್ಲಿ ಹಾಕಿದೆ. ಕೋವಿಡ್ ಕಾಲ, ವಿಚಾರಣೆ ವಿಡಿಯೊದಲ್ಲಿ. ಎದುರಿಗೆ ಸ್ಕೂಲ್ ಪರ ವಕೀಲರು. ಮೊದಲೇ ಗೆಳೆಯರೊಬ್ಬರು ಎಚ್ಚರಿಸಿದ್ದರು: ಟ್ಯಾಕ್ಸ್ ಜಾಸ್ತಿ, ಸಂಬಳ ಕಡಿಮೆ ಅಂತ ಅಳಬೇಡ, ಅಲ್ಲಿ ನಡೆಯುವುದು ಬೆಲೆಯ ಮಾತೊಂದೇ. ಮನೆ ಬೆಲೆ ಅಂದಾಜು ತೋರಿಸುವ ಜ಼ಿಲೋ ವೆಬ್‌ಸೈಟಿನ ಪ್ರಿಂಟ್‌ಔಟನ್ನು ಅವರು ಮೂಸಿಯೂ ನೋಡಲ್ಲ. ಅಪ್ರೈಸರ್‌ಗೆ 475 ಕೊಟ್ಟೆ. ಜನವರಿ 1ರ ಆಸುಪಾಸಿನ ಮಾರಾಟಗಳನ್ನೇ ಹಿಡಿದು ಬರೆಸಿದೆ. ಬಿರುಕು ಬಿಟ್ಟ ಫೌಂಡೇಶನ್ ಫೋಟೊ, ರಿಪೇರಿಯವರ ಬರಹದ ಕೊಟೇಷನ್ ಇಟ್ಟೆ. 28 ಸಾವಿರ ಇಳಿಸಿದರು. ವರ್ಷಕ್ಕೆ ಹೆಚ್ಚುಕಡಿಮೆ 590 ಡಾಲರ್ ಉಳಿಯಿತು. 2023ರಲ್ಲಿ ಎಲ್ಲ ಸೇರಿಸಿ ವಾಪಸ್ ಏರಿಸಿದರು, ಅದು ಬೇರೆ. ಒಂದು ನೆನಪಿಡಿ, ಮೂರು ವರ್ಷದ ಅವಧಿಗೆ ಸಾಮಾನ್ಯವಾಗಿ ಒಂದೇ ಅರ್ಜಿ. ಅರೆಬರೆ ಕಾಗದ ಹಿಡಿದು ಹೋಗಬೇಡಿ. ಅರ್ಜಿ ಹಾಕಿದ್ದೇನೆ ಅಂತ ಬಿಲ್ ಕಟ್ಟದೆ ಬಿಡಲೂಬೇಡಿ.

ಧಾರವಾಡದ ಸೊಸೆ
ಗೌಡರೇ, ಉಪಕಾರ ಆಯಿತು. ನೀರು ಬರುವ ಫೋಟೊ ಇವೆ, ಕೊಟೇಷನ್ ತರಿಸುತ್ತೇನೆ. ಬಿಲ್ಲಿನಲ್ಲಿ ಓನರ್ ಆಕ್ಯುಪೆನ್ಸಿ ಕ್ರೆಡಿಟ್ ಎದುರು ಸೊನ್ನೆ ಇದೆ. ಅದೇನು?

ಮಂಡ್ಯದ ಗೌಡ
ನೀವೇ ವಾಸ ಇದ್ದರೆ ಟ್ಯಾಕ್ಸಿನಲ್ಲಿ ಕಡಿತ, 2023ರ ಲೆಕ್ಕಕ್ಕೆ ಶೇ. 2.5 ಇತ್ತು. ಅರ್ಜಿ ಕೊಡಬೇಕು, ತಾನಾಗಿ ಬರಲ್ಲ. ಮನೆ ಕೊಂಡು ಸಹಿ ಹಾಕುವ ಕ್ಲೋಸಿಂಗ್ ದಿನ ಆ ಕಾಗದ ಕೊಡುವುದನ್ನು ಎಷ್ಟೋ ಕಡೆ ಮರೆಯುತ್ತಾರೆ. ಹೊಸ ಲೆವಿಗೆ ಅದು ಅನ್ವಯಿಸಲ್ಲ, 2013ರಲ್ಲೇ ನಿಲ್ಲಿಸಿದರು. ಹಳೆಯವುಗಳಿಗೆ ಸಿಗುತ್ತದೆ. ಈ ವಾರವೇ ಹಾಕಿ.

ಬಟ್ಲರ್ ಕೌಂಟಿ ಬಡವ
ನಾನು ಬೇಸ್‌ಮೆಂಟ್ ಫಿನಿಶ್ ಮಾಡಿಸಿದ್ದು ಪರ್ಮಿಟ್ ಇಲ್ಲದೆ. ಪರ್ಮಿಟ್ ತೆಗೆದರೆ ಆಡಿಟರ್‌ಗೆ ಸುದ್ದಿ ಹೋಗುತ್ತದೆ, ಬೆಲೆ ಏರುತ್ತದೆ. ಬುದ್ಧಿ ಇದ್ದವರು ಹೀಗೇ ಮಾಡುವುದು.

ಹಾಸನದ ಹುಡುಗಿ
20 ಮಿಲ್ ಅನ್ಯಾಯ ಅಂತ ಅಷ್ಟುದ್ದ ಬರೆದವರು ನೀವೇ ಅಲ್ವಾ? ನೀವು ಮುಚ್ಚಿಟ್ಟ ಪಾಲನ್ನು ಪಕ್ಕದ ಮನೆಯವರು ಕಟ್ಟುತ್ತಾರೆ.

ಮಂಡ್ಯದ ಗೌಡ
ಮಾರುವಾಗ ಗೊತ್ತಾಗುತ್ತದೆ. ನನ್ನ ಭಾವ ಹೀಗೇ ಮಾಡಿದ್ದ. ಕೊಳ್ಳುವವರ ಇನ್‌ಸ್ಪೆಕ್ಟರ್ ಪರ್ಮಿಟ್ ಕೇಳಿದ. ಡ್ರೈವಾಲ್ ಒಡೆಸಿ ವೈರಿಂಗ್ ತೋರಿಸಬೇಕಾಯಿತು. ಎಲೆಕ್ಟ್ರಿಷಿಯನ್, ಮತ್ತೆ ಡ್ರೈವಾಲ್, ಮತ್ತೆ ಪೇಂಟು, ಒಟ್ಟು ಏಳು ಸಾವಿರ.

ಬಟ್ಲರ್ ಕೌಂಟಿ ಬಡವ
ನಿಮ್ಮ ಭಾವನಿಗೆ ವೈರಿಂಗ್ ಬರಲ್ಲ. ನನಗೆ ಬರುತ್ತದೆ.

ರಿಟೈರ್ಡ್ ರಾಯರು
ವಿಳಾಸ ಕೊಡಿ ಸ್ವಾಮಿ. ಆಡಿಟರ್ ಕಚೇರಿಗೆ ನಾನೇ ಫೋನ್ ಮಾಡುತ್ತೇನೆ, ಬೇರೆ ಕೆಲಸ ಇಲ್ಲ ನನಗೆ.