ಸ್ಪರ್ಧೆಯ ವೆಲ್ವೆಟ್ ಗೌನ್: ಕಸೂತಿ ಮೊದಲೋ, ಕತ್ತರಿ ಮೊದಲೋ?

ಬಳ್ಳಿಹೂ:

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಕಾಮಿಕ್ ಕಾನ್ ಮೇಳದ ಕಾಸ್‌ಪ್ಲೇ (ಪಾತ್ರದ ವೇಷ ತೊಡುವ) ಸ್ಪರ್ಧೆಗೆ ಒಬ್ಬ ರಾಣಿ ಪಾತ್ರದ ಗೌನ್ ಮಾಡುತ್ತಿದ್ದೇನೆ. ಬಟ್ಟೆ ಕಡುಹಸಿರು ಮೈಕ್ರೋ ವೆಲ್ವೆಟ್, 44 ಇಂಚು ಅಗಲ. ಮೇಲ್ಭಾಗ ಮೈಗೆ ಬಿಗಿಯಾಗಿ ಕೂರಬೇಕು, ಕೆಳಗೆ ಪೂರ್ತಿ ಸರ್ಕಲ್ ಘೇರು (ಲಂಗದ ಭಾಗ), ಹಿಂದೆ ನೆಲದ ಮೇಲೆ ಎಳೆಯುವ 3 ಅಡಿ ಟ್ರೇಲ್. ಸೊಂಟ 30 ಇಂಚು, ಸೊಂಟದಿಂದ ನೆಲಕ್ಕೆ 42 ಇಂಚು.

ಮೇಲ್ಭಾಗದ ಮುಂದುಗಡೆ ಚಿನ್ನದ ಬಳ್ಳಿ, ಎಲೆ, ದಾಳಿಂಬೆ ಹೂವು. ಅದೇ ಬಳ್ಳಿ ಘೇರಿನ ಕೆಳಅಂಚಿನಲ್ಲಿ ಸುತ್ತಲೂ 12 ಇಂಚು ಎತ್ತರಕ್ಕೆ ಬರಬೇಕು. ಜರ್ದೋಸಿ ಸ್ಪ್ರಿಂಗ್ (ಸುರುಳಿ ಸುತ್ತಿದ ಚಿನ್ನದ ಬಣ್ಣದ ತಂತಿ), 11ನೇ ನಂಬರ್ ಮಣಿ ಅರ್ಧ ಕೆ.ಜಿ, ಚಮಕಿ, ಜರಿ ದಾರ ತಂದಾಗಿದೆ. ಬ್ಲೌಸ್ ಮಟ್ಟಿಗೆ ಆರಿ ವರ್ಕ್ (ಸ್ಟ್ಯಾಂಡಿಗೆ ಬಟ್ಟೆ ಬಿಗಿದು ಕೊಕ್ಕೆ ಸೂಜಿಯಲ್ಲಿ ಹಾಕುವ ಕಸೂತಿ) ಬರುತ್ತದೆ. ಇನ್ನು 14 ವಾರ ಇದೆ. ವಾರಕ್ಕೆ 17 ಗಂಟೆ ಕೂರಬಹುದು.

ಕೇಳಬೇಕಾದದ್ದು: ಕಸೂತಿ ಮುಗಿಸಿ ಕತ್ತರಿಸಲೋ, ಹೊಲಿದ ಮೇಲೆ ಹಾಕಲೋ? ಸೀಮೆಎಣ್ಣೆ, ಜಿಂಕ್ ಪೌಡರ್ ಕಲಸಿ ಡಿಸೈನ್ ಒತ್ತಿದರೆ ವೆಲ್ವೆಟ್ ಮೇಲೆ ಗೆರೆ ನಿಲ್ಲುತ್ತಿಲ್ಲ. ಮತ್ತೆ ಬೆನ್ನಿಗೆ ಜಿಪ್ ಸಾಕಾಗುತ್ತದಾ?

ಆರಿಸೂಜಿ:

ಕಸೂತಿ ಮೊದಲು, ಕತ್ತರಿ ಆಮೇಲೆ. ಆದರೆ ಅದಕ್ಕೂ ಮೊದಲು ಒಂದು ಲೆಕ್ಕ ಹಾಕೋಣ. ನಿಮ್ಮ ಗೌನ್‌ನ ಹಣೆಬರಹ ಇರುವುದು ಅಲ್ಲೇ.

30 ಇಂಚು ಸೊಂಟಕ್ಕೆ ಸರ್ಕಲ್ ಘೇರಿನ ಒಳ ತ್ರಿಜ್ಯ 4.8 ಇಂಚು. ಉದ್ದ 42 ಸೇರಿಸಿದರೆ 46.8. ಅಂದರೆ ಕೆಳಅಂಚಿನ ಸುತ್ತಳತೆ 294 ಇಂಚು. ಮೇಲೆ ಹೋದಂತೆ ಸುತ್ತಳತೆ ಕಿರಿದಾಗುವುದರಿಂದ 12 ಇಂಚು ಎತ್ತರದ ಅಂಚು ಸುಮಾರು 3,080 ಚದರ ಇಂಚು. ಬಳ್ಳಿ ಅದರಲ್ಲಿ ಶೇಕಡಾ 40 ಮಾತ್ರ ತುಂಬುತ್ತದೆ ಅಂದುಕೊಂಡರೂ 1,230 ಚದರ ಇಂಚು. ಚದರ ಇಂಚಿಗೆ 10 ನಿಮಿಷ ಹಿಡಿಯಿರಿ, 205 ಗಂಟೆ. ನಿಮ್ಮ ಹತ್ತಿರ ಇರುವುದು 14 ವಾರಕ್ಕೆ 238 ಗಂಟೆ. ಮೇಲ್ಭಾಗ, ಹೊಲಿಗೆ, ಫಿಟ್ಟಿಂಗ್ ಎಲ್ಲಕ್ಕೂ ಸೇರಿ ಉಳಿಯುವುದು 33 ಗಂಟೆ ಮಾತ್ರ.

ಹಾಗಾಗಿ ಪೂರ್ತಿ ಸರ್ಕಲ್ ಬಿಡಿ. 6 ಪ್ಯಾನೆಲ್ ಮಾಡಿ, ಅಂಚು 200 ಇಂಚಿಗೆ ಇಳಿಸಿ. ಒಳಗೆ ಹೂಪ್ (ಘೇರನ್ನು ಅಗಲಿಸಿ ನಿಲ್ಲಿಸುವ ತಂತಿ ಬಳೆಯ ಒಳಲಂಗ) ಇದ್ದರೆ ಇಷ್ಟೇ ಘೇರು ತುಂಬಿ ಕಾಣುತ್ತದೆ. ಬಳ್ಳಿಯ ಎತ್ತರ 8 ಇಂಚು ಸಾಕು. ಆಗ ಅದೇ ಶೇಕಡಾ 40ರ ಲೆಕ್ಕದಲ್ಲಿ ಹೆಚ್ಚೆಂದರೆ 640 ಚದರ ಇಂಚು, 107 ಗಂಟೆ. ಅದರಲ್ಲೂ ಒತ್ತಾದ ಕೆಲಸ ಮುಂದಿನ ಎರಡು ಪ್ಯಾನೆಲ್‌ಗೆ ಮಾತ್ರ ಇಟ್ಟುಕೊಳ್ಳಿ. ಪಕ್ಕ, ಹಿಂದೆ ಬಳ್ಳಿಯ ಗೆರೆಯನ್ನು 3 ಮಿ.ಮೀ. ಜರಿ ಹುರಿಯಲ್ಲಿ ಎಳೆದು, ಅಲ್ಲಲ್ಲಿ ಒಂದೊಂದು ಹೂವು ತುಂಬಿ. ಸ್ಟೇಜಿನಿಂದ ಮೂವತ್ತು ಅಡಿ ದೂರ ಕೂತವರಿಗೆ ಕಾಣುವುದು ದಪ್ಪ ಗೆರೆ. ಒಳತುಂಬು ಅಲ್ಲಿಗೆ ತಲುಪುವುದಿಲ್ಲ. ಸಣ್ಣ ಕೆಲಸವನ್ನು ಜಡ್ಜ್‌ಗಳು ಹತ್ತಿರದಿಂದ ನೋಡುವ ಎದೆ, ತೋಳಿನ ತುದಿಗೆ ಉಳಿಸಿ.

ನಾನು ಹೇಳಿದ 10 ನಿಮಿಷವನ್ನೇ ನಂಬಿ ಕೂರಬೇಡಿ. ನಿಮ್ಮದೇ ವೆಲ್ವೆಟ್ ಮೇಲೆ 4 ಇಂಚು ಚೌಕದ ಮಾದರಿ ಮಾಡಿ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ತೂಕ ಬಂತು, ಚೌಕ ಎಷ್ಟು ಕುಗ್ಗಿತು, ಮೂರೂ ಬರೆದಿಡಿ. ನಿಮ್ಮ ಅರ್ಧ ಕೆ.ಜಿ ಮಣಿಯನ್ನೇ ತೆಗೆದುಕೊಳ್ಳಿ: ಗ್ರಾಮಿಗೆ ಸುಮಾರು 110, ಒಟ್ಟು 55 ಸಾವಿರ. ನಿಮಿಷಕ್ಕೆ 15 ಮಣಿ ಕೂರಿಸಿದರೂ 61 ಗಂಟೆ ಮಣಿಗೇ ಬೇಕು.

ಈಗ ವೆಲ್ವೆಟ್. ಅದನ್ನು ನೇರವಾಗಿ ಆರಿ ಸ್ಟ್ಯಾಂಡಿಗೆ ಬಿಗಿಯಬೇಡಿ. ಬಿಗಿದ ಕಡೆ ನವಿರು (ಬಟ್ಟೆಯ ಮೇಲೆ ಎದ್ದು ನಿಂತ ಸಣ್ಣ ಎಳೆ) ಮಲಗಿ ಗುರುತು ಉಳಿಯುತ್ತದೆ. ಮೊದಲು ತೊಳೆದು ಕುಗ್ಗಿಸಿದ ಕಾಟನ್ ಬಟ್ಟೆಯನ್ನು ಸ್ಟ್ಯಾಂಡಿಗೆ ತಮಟೆಯಂತೆ ಬಿಗಿದು, ಅದರ ಮೇಲೆ ವೆಲ್ವೆಟ್ ತುಂಡು ಹಾಸಿ ಅಂಚಿನ ಸುತ್ತ ಕಚ್ಚಾ ಹೊಲಿಗೆ ಹಾಕಿ. ಎಳೆತವನ್ನೆಲ್ಲ ಕಾಟನ್ ಹೊರುತ್ತದೆ. ಮಣಿಯ ಭಾರಕ್ಕೂ ಅದೇ ಆಸರೆ.

ಡಿಸೈನ್ ಒತ್ತುವ ವಿಧಾನ ರಾ ಸಿಲ್ಕ್‌ಗೆ ಸರಿ. ವೆಲ್ವೆಟ್‌ನಲ್ಲಿ ಪುಡಿ ನವಿರಿನ ತುದಿಗೆ ಕೂರುತ್ತದೆ, ಕೈ ತಾಗಿದರೆ ಹೋಯಿತು. ತೆಳು ಟಿಶ್ಯೂ ಕಾಗದದ ಮೇಲೆ ಡಿಸೈನ್ ಬರೆದು, ಬಟ್ಟೆ ಮೇಲಿಟ್ಟು, ಗೆರೆಯ ಮೇಲೆಯೇ ತಿಳಿಹಳದಿ ದಾರದಲ್ಲಿ ಸಣ್ಣ ಓಟದ ಹೊಲಿಗೆ ಹಾಕಿ. ಸೂಜಿಯ ತುದಿಯಿಂದ ಗೆರೆಗುಂಟ ಗೀರಿದರೆ ಕಾಗದ ಸಲೀಸಾಗಿ ಹರಿದು ಬರುತ್ತದೆ. ಬೇಸರದ ಕೆಲಸ ನಿಜ, ಆದರೆ ಹದಿನಾಲ್ಕು ವಾರ ಆ ಗೆರೆ ಅಲ್ಲೇ ಇರುತ್ತದೆ.

ಅದೇ ಸಮಯಕ್ಕೆ ಪ್ಯಾಟರ್ನ್‌ನ ಹೊಲಿಗೆ ಗೆರೆಯನ್ನೂ ಬೇರೆ ಬಣ್ಣದ ದಾರದಲ್ಲಿ ಗುರುತು ಮಾಡಿ. ಸುತ್ತ 2 ಇಂಚು ಹೆಚ್ಚು ಬಟ್ಟೆ ಇರಲಿ. ಒತ್ತಾದ ಕೆಲಸ 16 ಇಂಚಿನ ಪ್ಯಾನೆಲ್ಲನ್ನು ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ಒಳಗೆಳೆಯಬಹುದು. ಕಸೂತಿ ಮುಗಿದು ಸ್ಟ್ಯಾಂಡಿನಿಂದ ಇಳಿಸಿದ ಮೇಲೆ ಪ್ಯಾಟರ್ನ್ ಮತ್ತೆ ಇಟ್ಟು ಹೊಸದಾಗಿ ಗೆರೆ ಹಾಕಿ, ಆಮೇಲೆ ಕತ್ತರಿಸಿ.

ಜರ್ದೋಸಿ ವೆಲ್ವೆಟ್‌ನಲ್ಲಿ ಮುಳುಗದಿರಲು ಎಲೆಯ ಆಕಾರಕ್ಕಿಂತ 1 ಮಿ.ಮೀ. ಚಿಕ್ಕದಾಗಿ ಹಳದಿ ಫೆಲ್ಟ್ ಕತ್ತರಿಸಿ ಕೆಳಗೆ ಕೂರಿಸಿ. ಸ್ಪ್ರಿಂಗ್ ಹೊಲಿಯಲು ಆರಿ ಸೂಜಿ ಬೇಡ, 10 ಅಥವಾ 12ನೇ ನಂಬರ್ ಕೈಸೂಜಿ. ಫೆಲ್ಟ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಷ್ಟು ದೂರವೋ ಅಷ್ಟಕ್ಕೆ ಸ್ಪ್ರಿಂಗ್ ತುಂಡು ಕತ್ತರಿಸಿ, ಮಣಿ ಪೋಣಿಸಿದ ಹಾಗೆ ಸೂಜಿಗೆ ಹಾಕಿ ಅಡ್ಡಲಾಗಿ ಕೂರಿಸುತ್ತಾ ಹೋಗಿ. ತುಂಡು ಅರ್ಧ ಮಿ.ಮೀ. ಉದ್ದವಾದರೆ ನಡುವೆ ಬಾಗಿ ಎದ್ದು ನಿಲ್ಲುತ್ತದೆ, ಚಿಕ್ಕದಾದರೆ ತುದಿಯಲ್ಲಿ ಹಳದಿ ಇಣುಕುತ್ತದೆ. ದಾರವನ್ನು ಜಗ್ಗಿದರೆ ಸುರುಳಿ ಬಿಚ್ಚಿಕೊಂಡು ನಡುವೆ ಸೀಳು ಬೀಳುತ್ತದೆ. ಒಮ್ಮೆ ಹಿಗ್ಗಿದ ಸ್ಪ್ರಿಂಗ್ ಮತ್ತೆ ಕೂಡುವುದಿಲ್ಲ, ಆ ತುಂಡನ್ನು ತೆಗೆದುಹಾಕಿ.

ಕೆಳಅಂಚಿನ ಹೂಗಳನ್ನು ಗಟ್ಟಿ ಆರ್ಗಾಂಜಾ (ತೆಳು ಪಾರದರ್ಶಕ ಬಟ್ಟೆ) ಮೇಲೆ ಬಿಡಿಬಿಡಿಯಾಗಿ ಮಾಡಿ. ಹಿಂಬದಿಗೆ ಫ್ಯಾಬ್ರಿಕ್ ಗ್ಲೂ ತೆಳ್ಳಗೆ ಸವರಿ, ಒಣಗಿದ ಮೇಲೆ 3 ಮಿ.ಮೀ. ಬಿಟ್ಟು ಕತ್ತರಿಸಿ, ಗೌನ್‌ಗೆ ಕೂರಿಸಿ, ಕತ್ತರಿಸಿದ ಅಂಚಿನ ಮೇಲೆ ಜರಿ ಹುರಿ ಹೊಲಿದುಬಿಡಿ. ದೊಡ್ಡ ಪ್ಯಾನೆಲ್ ಸ್ಟ್ಯಾಂಡಿಗೆ ಏರಿಸುವ ಕಷ್ಟವೇ ಇಲ್ಲ. ಒಂದು ಹೂವು ಕೆಟ್ಟರೆ ಅದೊಂದನ್ನೇ ಮತ್ತೆ ಮಾಡಬಹುದು.

ಕತ್ತರಿ_ಮೈಸೂರು:

ಆರಿಸೂಜಿ ಮೇಡಂ ಕಸೂತಿ ಹೇಳಿದ್ದಾರೆ, ನಾನು ಒಳಗಿನ ಕಟ್ಟುಪಾಡು ಹೇಳುತ್ತೇನೆ. ವೆಲ್ವೆಟ್ ಗೌನ್ ನಿಲ್ಲುವುದು ಹೊರಬಟ್ಟೆಯಿಂದಲ್ಲ, ಒಳಗಿನ ಡ್ರಿಲ್ ಬಟ್ಟೆಯಿಂದ (ದಪ್ಪ ಗಟ್ಟಿ ಕಾಟನ್).

ಮೊದಲು ಕೋರಾ ಬಟ್ಟೆಯಲ್ಲಿ ಮೇಲ್ಭಾಗ ಹೊಲಿದು ಫಿಟ್ಟಿಂಗ್ ನೋಡಿ. ಸ್ಪರ್ಧೆ ದಿನ ಹಾಕುವ ಒಳಉಡುಪು, ಚಪ್ಪಲಿ ಸಮೇತ ನೋಡಬೇಕು. ಕೈ ಮೇಲೆತ್ತಿ, ಕೂತು, ಬಾಗಿ ಪರೀಕ್ಷಿಸಿ. ಇದು ಸರಿಯಾಗುವವರೆಗೆ ವೆಲ್ವೆಟ್ ಮೇಲೆ ಒಂದು ಗೆರೆಯನ್ನೂ ಹಾಕಬೇಡಿ. ಕಸೂತಿ ಆದ ಮೇಲೆ ಅರ್ಧ ಇಂಚು ಬಿಡಿಸುವುದು ಅಂದರೆ ವಾರಗಟ್ಟಲೆ ಕೆಲಸ ಬಿಚ್ಚಿದ ಹಾಗೆ.

ಅದೇ ಪ್ಯಾಟರ್ನ್‌ನಲ್ಲಿ ಡ್ರಿಲ್ ಕತ್ತರಿಸಿ. ಪ್ರತಿ ಹೊಲಿಗೆಗೂ, ಮುಂಭಾಗದ ನಡುವಿಗೂ ಬಟ್ಟೆಯನ್ನು ನೆಟ್ಟಗೆ ನಿಲ್ಲಿಸುವ ಕಡ್ಡಿ ಬರಲಿ. ಸ್ಟೀಲ್ ಕಡ್ಡಿ ಸಿಗದಿದ್ದರೆ ಹಾರ್ಡ್‌ವೇರ್ ಅಂಗಡಿಯ 9 ಮಿ.ಮೀ. ಅಗಲದ ದಪ್ಪ ಕೇಬಲ್ ಟೈ ಚೆನ್ನಾಗಿ ಕೆಲಸ ಮಾಡುತ್ತದೆ. ತಲೆ ಕತ್ತರಿಸಿ, ತುದಿಯನ್ನು ಗುಂಡಗೆ ಉಜ್ಜಿ. ಚೂಪು ಉಳಿದರೆ ಎರಡು ಗಂಟೆಯಲ್ಲಿ ಬಟ್ಟೆ ತೂತಾಗಿ ಪಕ್ಕೆಗೆ ಚುಚ್ಚುತ್ತದೆ. ಕಡ್ಡಿಯ ಕೊಳವೆಗಿಂತ ಕಡ್ಡಿ 1 ಸೆಂ.ಮೀ. ಗಿಡ್ಡ ಇರಲಿ.

ಜಿಪ್ ಬೇಡ. ಕಸೂತಿ ತುಂಬಿದ ಬಿಗಿ ಮೇಲ್ಭಾಗದಲ್ಲಿ ಜಿಪ್ ಬಿಟ್ಟುಕೊಂಡರೆ ಸ್ಟೇಜ್ ಪಕ್ಕದಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಬೆನ್ನಿಗೆ ಐಲೆಟ್ (ದಾರ ಪೋಣಿಸುವ ಲೋಹದ ಉಂಗುರ), ದಾರ. ಮಧ್ಯೆ 2 ಇಂಚು ಸಂದು ಬಿಡುವ ಹಾಗೆ ಪ್ಯಾಟರ್ನ್ ಮಾಡಿ, ಹಿಂದೆ ಅದೇ ವೆಲ್ವೆಟ್‌ನ ಪಟ್ಟಿ. ಮೈ ಅಳತೆ ಸ್ವಲ್ಪ ಹೆಚ್ಚುಕಡಿಮೆ ಆದರೂ ದಾರ ಸರಿಮಾಡುತ್ತದೆ. ಐಲೆಟ್ 1 ಇಂಚಿಗೆ ಒಂದು, ಹಿಂದೆ ವಾಷರ್ ಇರುವಂಥದ್ದೇ ಬೇಕು. ತೂತನ್ನು ಪಂಚ್‌ನಿಂದ ಕತ್ತರಿಸದೆ ದಬ್ಬಳದಿಂದ ಎಳೆ ಸರಿಸಿ ಮಾಡಿ. ಎಳೆ ಕತ್ತರಿಸಿದ ತೂತು ಎಳೆತಕ್ಕೆ ಹಿಗ್ಗಿ ಐಲೆಟ್ ಕಿತ್ತು ಬರುತ್ತದೆ. ಐಲೆಟ್ ಸಾಲಿನ ಎರಡೂ ಪಕ್ಕ ಒಂದೊಂದು ಕಡ್ಡಿ ಮರೆಯಬೇಡಿ, ಇಲ್ಲದಿದ್ದರೆ ಬೆನ್ನು ನೆರಿಗೆಗಟ್ಟುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಳ ಸೊಂಟಪಟ್ಟಿ. 1 ಇಂಚು ಅಗಲದ ಗಟ್ಟಿ ರಿಬ್ಬನ್, ನಿಮ್ಮ ಸೊಂಟಕ್ಕಿಂತ 1 ಇಂಚು ಕಡಿಮೆ, ಮುಂದೆಯೋ ಹಿಂದೆಯೋ ಹುಕ್. ಅದನ್ನು ಒಳಗಡೆ ಪ್ರತಿ ಹೊಲಿಗೆಗೂ ಟಾಕಿ. ಗೌನ್ ಹಾಕಿದ ತಕ್ಷಣ ಮೊದಲು ಇದನ್ನು ಬಿಗಿಯಬೇಕು, ಆಮೇಲೆ ದಾರ. ಘೇರಿನ ಭಾರ ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಇಲ್ಲದಿದ್ದರೆ ಇಡೀ ಭಾರ ಎದೆಯ ಬಟ್ಟೆಯನ್ನು ಕೆಳಗೆ ಜಗ್ಗಿ, ದಿನವಿಡೀ ಮೇಲೆತ್ತಿಕೊಳ್ಳುತ್ತಲೇ ಇರಬೇಕಾಗುತ್ತದೆ.

ಹೂಪ್ ಸುತ್ತಳತೆ 110 ಇಂಚು ದಾಟಿಸಬೇಡಿ, ಜನಜಂಗುಳಿಯಲ್ಲಿ ನಡೆಯಬೇಕು. ಹೂಪ್ ಮೇಲೆ ಎರಡು ಪದರ ಕ್ಯಾನ್‌ಕ್ಯಾನ್ (ಗಟ್ಟಿ ನೆಟ್ ಬಟ್ಟೆ) ಹಾಕದಿದ್ದರೆ ತಂತಿಯ ಗೆರೆ ವೆಲ್ವೆಟ್ ಮೇಲೆ ಎದ್ದು ಕಾಣುತ್ತದೆ. ಟ್ರೇಲ್ ಪ್ರತ್ಯೇಕ ಮಾಡಿ ಸೊಂಟಕ್ಕೆ ಹುಕ್ ಹಾಕಿ, ಸ್ಟೇಜಿಗೆ ಹತ್ತುವಾಗ ಮಾತ್ರ ಸಿಕ್ಕಿಸಿಕೊಳ್ಳಿ.

ಕತ್ತರಿಸುವಾಗ ಎಲ್ಲ ಪ್ಯಾನೆಲ್‌ನ ನವಿರು ಒಂದೇ ದಿಕ್ಕಿಗೆ ಇರಬೇಕು. ಬಟ್ಟೆ ಉಳಿಸಲು ಒಂದನ್ನು ತಲೆಕೆಳಗು ಮಾಡಿದರೆ ಅದು ಬೇರೆ ಹಸಿರಾಗಿ ಕಾಣುತ್ತದೆ. ನವಿರು ಮೇಲ್ಮುಖವಾಗಿದ್ದರೆ ಬಣ್ಣ ಕಡು ಕಾಣುತ್ತದೆ, ಚಿನ್ನ ಅದರ ಮೇಲೆ ಚೆನ್ನಾಗಿ ಏಳುತ್ತದೆ. ಹೊಲಿಯುವಾಗ ಮೇಲಿನ ಪದರ ಜಾರುತ್ತದೆ, ಆದ್ದರಿಂದ ಗೆರೆಯ ಎರಡೂ ಕಡೆ ಕಚ್ಚಾ ಹೊಲಿಗೆ ಹಾಕಿಯೇ ಮಷಿನ್‌ಗೆ ಇಡಿ. ಘೇರನ್ನು ಎರಡು ದಿನ ನೇತುಹಾಕಿ ಆಮೇಲೆ ಕೆಳಅಂಚು ಸಮ ಮಾಡಿ, ಹೂ ಕೂರಿಸುವುದು ಅದಾದ ಮೇಲೆಯೇ. ಅಂಚಿನ ಒಳಗೆ 10 ಇಂಚಿನ ಆರ್ಗಂಡಿ (ತೆಳುವಾದ ಬಿರುಸು ಕಾಟನ್) ಪಟ್ಟಿ ಕೊಡಿ, ಹೂಗಳ ಭಾರಕ್ಕೆ ಬಟ್ಟೆ ಜೋತುಬೀಳುವುದಿಲ್ಲ.

ನೂಲುಗಣ್ಣು:

ನಿಯಮಾವಳಿ ಈಗಲೇ ಓದಿಕೊಳ್ಳಿ. ಎಷ್ಟು ಭಾಗ ಸ್ವಂತ ಕೈಯಿಂದ ಆಗಿರಬೇಕು, ಕೊಂಡ ಭಾಗವನ್ನು ಹೇಳಬೇಕಾ ಎನ್ನುವುದು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತದೆ. ಪ್ರತಿ ಹಂತದ ಫೋಟೊ ತೆಗೆಯಿರಿ: ಟಿಶ್ಯೂ ಕಾಗದ, ಸ್ಟ್ಯಾಂಡ್ ಮೇಲಿನ ಅರ್ಧ ಕೆಲಸ, ಕಸೂತಿಯ ಹಿಂಬದಿ, ಕಡ್ಡಿ ಹಾಕಿದ ಒಳಭಾಗ. ಹತ್ತು ಹನ್ನೆರಡು ಪುಟದ ಫೈಲ್ ಮಾಡಿ, 4 ಇಂಚಿನ ಆ ಮಾದರಿಯನ್ನೂ ಅದಕ್ಕೇ ಅಂಟಿಸಿ. ಮುಟ್ಟಿ ನೋಡಲು ಏನಾದರೂ ಕೊಟ್ಟರೆ ಜಡ್ಜ್‌ಗಳು ಗೌನ್ ಮೇಲೆ ಕೈಯಾಡಿಸುವುದು ತಪ್ಪುತ್ತದೆ.

ಜರಿ, ಜರ್ದೋಸಿ ಕಡಿಮೆ ಬೀಳುತ್ತದೆ ಅನ್ನಿಸಿದರೆ ಈ ವಾರವೇ ಚಿಕ್ಕಪೇಟೆಗೆ ಹೋಗಿ ಬನ್ನಿ. ಲಾಟ್ ಬದಲಾದರೆ ಚಿನ್ನದ ಬಣ್ಣ ಕೆಂಪಿಗೋ ಹಸಿರಿಗೋ ತಿರುಗಿರುತ್ತದೆ, ಎದೆಯ ಮೇಲೆ ಅದು ತಕ್ಷಣ ಗೊತ್ತಾಗುತ್ತದೆ.

ಬಳ್ಳಿಹೂ:

ತುಂಬಾ ಧನ್ಯವಾದ. 6 ಪ್ಯಾನೆಲ್, 8 ಇಂಚು ಅಂತ ನಿರ್ಧರಿಸಿದೆ. ಎರಡು ಅನುಮಾನ. ಎದೆಯ ಬಳ್ಳಿ ಪ್ರಿನ್ಸೆಸ್ ಹೊಲಿಗೆಯನ್ನು (ಎದೆಯ ಮೇಲಿಂದ ಸೊಂಟಕ್ಕೆ ಇಳಿಯುವ ಉದ್ದ ಜೋಡಣೆ) ದಾಟಿ ಹೋಗುತ್ತದೆ, ಅಲ್ಲಿ ಹೇಗೆ? ಮತ್ತೆ ತೋಳಿನ ತುದಿಗೆ ನಮ್ಮ ಉತ್ತರ ಕರ್ನಾಟಕದ ಕಸೂತಿಯ ಗೋಪುರ ಹಾಕುವ ಆಸೆ ಇದೆ, ವೆಲ್ವೆಟ್ ಮೇಲೆ ಬರುತ್ತದಾ?

ಆರಿಸೂಜಿ:

ಹೊಲಿಗೆ ಗೆರೆಯ ಎರಡೂ ಕಡೆ ಮುಕ್ಕಾಲು ಇಂಚು ಖಾಲಿ ಬಿಡಿ. ಪ್ಯಾನೆಲ್ ಜೋಡಿಸಿ, ಮಾರ್ಜಿನ್ ಬಿಡಿಸಿ ಒಳಗೆ ಟಾಕಿದ ಮೇಲೆ ಆ ಸೇತುವೆಯಷ್ಟನ್ನು ಕೈಸೂಜಿಯಲ್ಲಿ ತುಂಬಿ. ಎಲೆಯೊಂದು ಹೊಲಿಗೆಯ ಮೇಲೆ ಅಡ್ಡ ಬೀಳುವಂತೆ ಡಿಸೈನ್ ಬದಲಿಸಿದರೆ ಜೋಡಣೆ ಪೂರ್ತಿ ಮುಚ್ಚಿಹೋಗುತ್ತದೆ.

ಇಲ್ಲೇ ಒಂದು ಅಪಾಯ ಇದೆ. ಆರಿ ಹೊಲಿಗೆ ಸರಪಳಿ. ಒಂದು ತುದಿ ಬಿಟ್ಟುಕೊಂಡರೆ ಎಳೆದಷ್ಟೂ ಬಿಚ್ಚುತ್ತದೆ. ಮಣಿ ಸಾಲಿನ ಮೇಲೆ ಕತ್ತರಿ ಆಡಿದರೆ ಇಡೀ ಸಾಲು ನೆಲಕ್ಕೆ ಸುರಿಯುತ್ತದೆ. ಪ್ರತಿ ಸಾಲನ್ನೂ ಗೆರೆಗೆ ಮೊದಲೇ ಮುಗಿಸಿ, ಎರಡು ಸಣ್ಣ ಹೊಲಿಗೆ ಹಿಂದೆ ಬಂದು ಗಂಟು ಹಾಕಿ, ಹಿಂಬದಿಗೆ ಒಂದು ಚುಕ್ಕಿ ಗ್ಲೂ. ತಪ್ಪಿ ಒಂದೆರಡು ಮಣಿ ಮಾರ್ಜಿನ್‌ಗೆ ಬಂದಿದ್ದರೆ ದಾರ ಕತ್ತರಿಸಬೇಡಿ. ಮೇಲೆ ಬಟ್ಟೆ ಮುಚ್ಚಿ ಇಕ್ಕಳದಲ್ಲಿ ಮಣಿಯನ್ನೇ ಒಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಹಾಗೇ ಬಿಟ್ಟು ಹೊಲಿದರೆ ಮಷಿನ್ ಸೂಜಿ ಮುರಿಯುತ್ತದೆ.

ಗೋಪುರದ ಯೋಚನೆ ಬಹಳ ಹಿಡಿಸಿತು. ಆ ಕಸೂತಿಯ ಗವಂತಿ, ಮುರಗಿ ಎರಡೂ ಎಳೆ ಎಣಿಸಿ ಹಾಕುವ ಹೊಲಿಗೆ, ವೆಲ್ವೆಟ್‌ನಲ್ಲಿ ಎಣಿಸಲು ಎಳೆಯೇ ಕಾಣುವುದಿಲ್ಲ. ಸಮನೇಯ್ಗೆಯ ಕಪ್ಪು ಕಾಟನ್ ಪಟ್ಟಿಯ ಮೇಲೆ ಹಾಕಿ, ಅದನ್ನು ತೋಳಿನ ತುದಿಗೆ ಕಫ್ ಆಗಿ ಜೋಡಿಸಿ. ರೇಷ್ಮೆ ದಾರ ಇದ್ದರೆ ಒಳ್ಳೆಯದು, ಜರಿ ಪದೇ ಪದೇ ಬಟ್ಟೆಯೊಳಗೆ ಹೋಗಿ ಬಂದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಗಂಟು ಹಾಕಬೇಡಿ, ಗವಂತಿಯ ಅಂದವೇ ಎರಡೂ ಬದಿ ಒಂದೇ ಕಾಣುವುದರಲ್ಲಿದೆ. ಕಫ್‌ಗೆ ಲೈನಿಂಗ್ ಕೊಡದೆ ಮಡಚುವ ಹಾಗೆ ಮಾಡಿದರೆ ಜಡ್ಜ್‌ಗಳಿಗೆ ಒಳಬದಿಯನ್ನೂ ತೋರಿಸಬಹುದು.

ಇಸ್ತ್ರಿ ಬಗ್ಗೆ: ಕಸೂತಿಯ ಮೇಲೆ ಯಾವತ್ತೂ ಬೇಡ, ಚಮಕಿ ಸುರುಟಿಕೊಳ್ಳುತ್ತದೆ. ವೆಲ್ವೆಟ್ ಸುಕ್ಕಾಗಿದ್ದರೆ ಇನ್ನೊಂದು ವೆಲ್ವೆಟ್ ತುಂಡಿನ ಮೇಲೆ ಮುಖ ಕೆಳಗೆ ಮಾಡಿ ಹಾಸಿ, ಹಿಂದಿನಿಂದ ಹಬೆ ಮಾತ್ರ ತೋರಿಸಿ. ಸೆಂಟ್, ಹೇರ್ ಸ್ಪ್ರೇ ಎಲ್ಲ ಗೌನ್ ಹಾಕಿಕೊಳ್ಳುವ ಮೊದಲೇ ಆಗಲಿ, ಜರ್ದೋಸಿಗೆ ತಾಗಿದರೆ ಕಪ್ಪಾಗುತ್ತದೆ. ಕಂಕುಳಿಗೆ ಕಾಟನ್ ಪ್ಯಾಡ್ ಟಾಕಿ, ಬೆವರಿಗೂ ಅದೇ ಗತಿ. ಸ್ಪರ್ಧೆಯ ಜಾಗಕ್ಕೆ ಒಯ್ಯುವಾಗ ಮೇಲ್ಭಾಗವನ್ನು ಮಡಚದೆ, ಒಳಗೆ ಟವೆಲ್ ತುಂಬಿ, ಹಳೆ ಕಾಟನ್ ಸೀರೆಯಲ್ಲಿ ಸುತ್ತಿ ಅಗಲ ಡಬ್ಬದಲ್ಲಿ ಮಲಗಿಸಿ. ಅದರ ಜೊತೆಗೆ ದಾರ ಪೋಣಿಸಿಟ್ಟ ನಾಲ್ಕು ಸೂಜಿ, ಒಂದು ಚಿಟಿಕೆ ಮಣಿ, ಎರಡು ಹೆಚ್ಚುವರಿ ಹೂವು, ಐದು ಮೀಟರ್ ಬೆನ್ನಿನ ದಾರ.